ಅಂಗಳದಲ್ಲಿ ನಿಂತಿದ್ದ ಕಲ್ಲು: ಯೆರೂಸಲೇಮಿನ ದೇವಾಲಯದಿಂದ ಭಾನುವಾರದ ಆರಾಧನೆವರೆಗೆ

ಇಸ್ತಾಂಬುಲ್‌ನ ಪುರಾತತ್ವ ಮ್ಯೂಸಿಯಂನಲ್ಲಿ ಒಂದು ಸುಣ್ಣದಕಲ್ಲಿನ ಚಪ್ಪಡಿ ಇದೆ. ಅದರ ಮೇಲೆ ಗ್ರೀಕ್ ಭಾಷೆಯಲ್ಲಿ ಏಳು ಸಾಲು ಕೆತ್ತಿದ್ದಾರೆ. ಅನ್ಯಜನಾಂಗದ, ಅಂದರೆ ಯೆಹೂದ್ಯರಲ್ಲದ, ಯಾರೂ ದೇವಾಲಯದ ಸುತ್ತಲಿನ ಕಟಕಟೆ ದಾಟಿ ಒಳಗೆ ಬರಬಾರದು, ಸಿಕ್ಕಿಬಿದ್ದರೆ ತನಗೆ ಬರುವ ಸಾವಿಗೆ ಅವನೇ ಹೊಣೆ. ಇಷ್ಟೇ ಒಕ್ಕಣೆ. 1871ರಲ್ಲಿ ಫ್ರೆಂಚ್ ವಿದ್ವಾಂಸ ಶಾರ್ಲ್ ಕ್ಲೆರ್ಮೊಂ-ಗನ್ನೊ ಇದನ್ನು ಯೆರೂಸಲೇಮಿನಲ್ಲಿ ಪತ್ತೆ ಮಾಡಿದರು. ಹೆರೋದ ರಾಜ ಕಟ್ಟಿಸಿದ ದೇವಾಲಯದ ಅಂಗಳದಲ್ಲಿ ನಿಂತಿದ್ದ ಕಲ್ಲು ಇದು. ಯೇಸು ಓಡಾಡಿದ್ದು, ಬೋಧಿಸಿದ್ದು ಅದೇ ಅಂಗಳದಲ್ಲಿ.

ಬೈಬಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯ ಆರಾಧನೆಗೂ ಕ್ರೈಸ್ತರ ಆರಾಧನೆಗೂ ಏನು ವ್ಯತ್ಯಾಸ ಅಂತ ಕೇಳಿದರೆ ಜಾಸ್ತಿ ಜನ ಕೊಡುವ ಉತ್ತರ ಒಂದೇ: ಅಲ್ಲಿ ಪ್ರಾಣಿಬಲಿ ಇತ್ತು, ಇಲ್ಲಿ ಇಲ್ಲ. ತಪ್ಪೇನಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ಕಲ್ಲು ಎತ್ತುವ ಪ್ರಶ್ನೆ. ಯಾರು ಎಲ್ಲಿವರೆಗೆ ಬರಬಹುದು?

ಯೆರೂಸಲೇಮಿನ ದೇವಾಲಯ ಜನ ಕೂಡಿ ಕೂರುವ ಸಭಾಂಗಣ ಆಗಿರಲಿಲ್ಲ. ಅದು ದೇವರ ಮನೆ. ಜನ ಇರುತ್ತಿದ್ದದ್ದು ಹೊರಗೆ, ಅಂಗಳಗಳಲ್ಲಿ. ತೀರಾ ಹೊರಗಿನ ಅಂಗಳಕ್ಕೆ ಅನ್ಯಜನರೂ ಬರಬಹುದಿತ್ತು. ಕಟಕಟೆ ದಾಟಿದರೆ ಇಸ್ರಾಯೇಲ್ಯರಿಗೆ, ಅಂದರೆ ಯೆಹೂದ್ಯರಿಗೆ, ಮಾತ್ರ ಪ್ರವೇಶ. ಮೊದಲು ಹೆಂಗಸರ ಅಂಗಳ, ಅದರಾಚೆ ಗಂಡಸರದ್ದು, ಆಮೇಲೆ ಯಾಜಕರದ್ದು, ಅಂದರೆ ಬಲಿ ಅರ್ಪಿಸುವ ಪುರೋಹಿತರದ್ದು. ಯಜ್ಞವೇದಿ ಇದ್ದದ್ದು ಅಲ್ಲಿ, ಬಟಾಬಯಲಿನಲ್ಲಿ. ಕಟ್ಟಡದ ಒಳಗಿನ ಪವಿತ್ರಸ್ಥಾನಕ್ಕೆ ಯಾಜಕರಷ್ಟೇ ಹೋಗುತ್ತಿದ್ದರು. ಅದರ ಕೊನೆಯಲ್ಲಿ ಒಂದು ತೆರೆ. ತೆರೆಯ ಹಿಂದೆ ಮಹಾಪವಿತ್ರಸ್ಥಾನ. ಅಲ್ಲಿಗೆ ಹೋಗುತ್ತಿದ್ದದ್ದು ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೆ ಒಂದೇ ದಿನ, ದೋಷಪರಿಹಾರಕ ದಿನದಂದು. ಆ ದಿನ ಏನೇನು ಮಾಡಬೇಕು ಅನ್ನೋದು ಹಳೇ ಒಡಂಬಡಿಕೆಯ ಯಾಜಕಕಾಂಡದ 16ನೇ ಅಧ್ಯಾಯದಲ್ಲಿದೆ.

ಇನ್ನು ಬಲಿ. ಅದನ್ನು ಬರೀ ರಕ್ತಪಾತ ಅಂತ ನೋಡಿದರೆ ಆ ಜನರಿಗೆ ಅನ್ಯಾಯ ಮಾಡಿದ ಹಾಗೆ. ಯಾಜಕಕಾಂಡದ ಮೊದಲ ಅಧ್ಯಾಯ ನೋಡಿ. ಹೋರಿ ತಂದವನು ಅದರ ತಲೆ ಮೇಲೆ ಕೈ ಇಡುತ್ತಾನೆ. ಕೊಯ್ಯುವವನೂ ಅವನೇ. ರಕ್ತವನ್ನು ವೇದಿಗೆ ಎರಚುವುದು, ಕಟ್ಟಿಗೆ ಜೋಡಿಸಿ ಬೆಂಕಿ ನೋಡಿಕೊಳ್ಳುವುದು ಯಾಜಕನ ಕೆಲಸ. ಅಂದರೆ ಕಾಣಿಕೆ ಕೊಟ್ಟು ದೂರ ನಿಲ್ಲುವ ಹಾಗಿರಲಿಲ್ಲ. ಪ್ರಾಣಿಯ ಮೈಬಿಸಿ ಅಂಗೈಗೆ ತಾಗುತ್ತಿತ್ತು. ಕುರಿ ತರಲಾಗದವನು ಎರಡು ಪಾರಿವಾಳ ತರಬಹುದಿತ್ತು. ಅದಕ್ಕೂ ಗತಿಯಿಲ್ಲದವನು ಪಾಪಪರಿಹಾರಕ್ಕೆ ಒಂದಿಷ್ಟು ಹಿಟ್ಟು ತಂದರೂ ನಡೆಯುತ್ತಿತ್ತು. ಮರಿಯ, ಯೋಸೇಫ ಇಬ್ಬರೂ ಕೂಸು ಯೇಸುವನ್ನು ದೇವಾಲಯಕ್ಕೆ ಎತ್ತಿಕೊಂಡು ಬಂದಾಗ ಕೊಡಬೇಕಿದ್ದ ಕಾಣಿಕೆ ಅಂತ ಸುವಾರ್ತೆ ಬರೆದ ಲೂಕ ಹೇಳುವುದು ಜೋಡಿ ಹಕ್ಕಿಯನ್ನೇ. ಅದು ಬಡವರ ಕಾಣಿಕೆ. ಸಮಾಧಾನಯಜ್ಞದಲ್ಲಂತೂ ಮಾಂಸದ ಬಹುಪಾಲು ಕೊಟ್ಟವನ ಮನೆಯವರಿಗೇ ವಾಪಸು ಬರುತ್ತಿತ್ತು. ದೇವರ ಸನ್ನಿಧಿಯಲ್ಲಿ ಕೂತು ಊಟ. ಈ ಊಟದ ಮಾತು ಮುಂದೆ ಮತ್ತೆ ಬರುತ್ತದೆ.

ದಿನಾ ಬೆಳಿಗ್ಗೆ ಒಂದು ಕುರಿಮರಿ, ಸಂಜೆ ಒಂದು. ದೇವಾಲಯದ ಸೇವಕರಾದ ಲೇವಿಯರ ಹಾಡು, ಯಾಜಕರ ತುತೂರಿ, ಧೂಪ. ವರ್ಷಕ್ಕೆ ಮೂರು ಸಲ, ಪಸ್ಕ, ವಾರಗಳ ಹಬ್ಬ ಮತ್ತು ಪರ್ಣಶಾಲೆಗಳ ಹಬ್ಬಕ್ಕೆ, ಊರೂರಿಂದ ಯಾತ್ರಿಕರು.

ಇದೆಲ್ಲ ಮೊದಲಿಂದಲೂ ಒಂದೇ ಜಾಗದಲ್ಲಿ ನಡೆಯುತ್ತಿತ್ತು ಅಂತ ಅಂದುಕೊಳ್ಳಬೇಡಿ. ನೆಗೆವ್ ಬಯಲಿನ ತೆಲ್ ಅರಾದ್‌ನಲ್ಲಿ ಯೆಹೂದ ರಾಜ್ಯದ ಕಾಲದ್ದೇ ಒಂದು ಚಿಕ್ಕ ಗುಡಿ ಸಿಕ್ಕಿದೆ. ಅದರ ಗರ್ಭಗುಡಿಯ ಬಾಗಿಲಲ್ಲಿ ಎರಡು ಸಣ್ಣ ಧೂಪವೇದಿಗಳಿದ್ದವು. ಒಂದರ ಮೇಲೆ ಉಳಿದಿದ್ದ ಕಪ್ಪು ಕರಿಯಲ್ಲಿ ಸಾಂಬ್ರಾಣಿ, ಇನ್ನೊಂದರ ಮೇಲೆ ಗಾಂಜಾ ಇತ್ತು ಅಂತ 2020ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಊರೂರಿನ ಇಂಥ ಗುಡಿಗಳನ್ನು ಮುಚ್ಚಿಸಿ ಎಲ್ಲವನ್ನೂ ಯೆರೂಸಲೇಮಿಗೆ ತರಲು ಯೋಷೀಯ ರಾಜ ಹೊರಟದ್ದು ಕ್ರಿ.ಪೂ. 622ರ ಸುಮಾರಿಗೆ. ಕ್ರಿ.ಪೂ. 586ರ ಹೊತ್ತಿಗೆ ಬಾಬೆಲಿನವರು ಆ ಒಂದು ದೇವಾಲಯವನ್ನೂ ಸುಟ್ಟುಹಾಕಿದರು.

ಆಮೇಲೆ ನಡೆದದ್ದೇ ಮುಖ್ಯ. ಸೆರೆಯಾಗಿ ಬಾಬೆಲಿಗೆ ಹೋದ ಜನರಿಗೆ ವೇದಿ ಇಲ್ಲ, ಬಲಿ ಇಲ್ಲ. ಉಳಿದದ್ದು ಗ್ರಂಥ, ಹಾಡು, ಪ್ರಾರ್ಥನೆ. ಅಲ್ಲಿಂದ ಮರಳಿದ ಮೇಲೆ ದೇವಾಲಯ ಮತ್ತೆ ಎದ್ದು ನಿಂತಿತು. ಆದರೂ ನೆಹೆಮೀಯನ ಪುಸ್ತಕದಲ್ಲಿ ಮನಸ್ಸಿನಲ್ಲಿ ಉಳಿಯುವ ಚಿತ್ರ ಬೇರೆಯೇ. ಶಾಸ್ತ್ರಜ್ಞ ಎಜ್ರ ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ. ಗಂಡಸರು, ಹೆಂಗಸರು ಎಲ್ಲರೂ ಕೇಳುತ್ತಾರೆ, ಕೇಳಿ ಅಳುತ್ತಾರೆ. ಮುಂದೆ ಊರೂರಿನಲ್ಲಿ ಯೆಹೂದ್ಯರ ಸಭಾಮಂದಿರಗಳು ಬಂದವು. ಓದು, ವಿವರಣೆ, ಪ್ರಾರ್ಥನೆ ಇಷ್ಟೇ, ಬಲಿ ಇಲ್ಲ. ನಜರೇತಿನಲ್ಲಿ ಯೇಸು ಪ್ರವಾದಿ ಯೆಶಾಯನ ಸುರುಳಿ ಬಿಡಿಸಿ ಓದಿದ್ದು ಇಂಥ ಒಂದು ಮಂದಿರದಲ್ಲೇ. ಇವತ್ತಿನ ಚರ್ಚಿನ ಆರಾಧನೆ ಅರ್ಧಕ್ಕರ್ಧ ಈ ಸಭಾಮಂದಿರದ ಮಗು. ನಮ್ಮವರು ಇದನ್ನು ಸಾಕಷ್ಟು ನೆನೆಯುವುದಿಲ್ಲ ಅನ್ನೋದು ನನ್ನ ಬೇಸರ.

ಮೊದಲ ಕ್ರೈಸ್ತರು ದೇವಾಲಯವನ್ನು ಬಿಟ್ಟು ಹೊರಟವರಲ್ಲ. ಅವರೆಲ್ಲ ಯೆಹೂದ್ಯರೇ ಅಲ್ವಾ. ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನ ಇಬ್ಬರೂ ಮಧ್ಯಾಹ್ನ ಮೂರರ ಪ್ರಾರ್ಥನೆಗೆ ದೇವಾಲಯಕ್ಕೆ ಹೋದರು ಅಂತ ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ದಿನಾ ದೇವಾಲಯಕ್ಕೂ ಹೋಗುತ್ತಿದ್ದರು, ಮನೆಗಳಲ್ಲಿ ಒಟ್ಟಿಗೆ ಊಟಕ್ಕೆ ಕೂತು ರೊಟ್ಟಿಯನ್ನೂ ಮುರಿಯುತ್ತಿದ್ದರು. ಎರಡೂ ಒಟ್ಟೊಟ್ಟಿಗೆ ನಡೆದವು.

ಇಕ್ಕಟ್ಟು ಶುರುವಾದದ್ದು ಅನ್ಯಜನರು ನಂಬಿ ಬಂದಾಗ. ಮನೆಯ ಮೇಜಿನಲ್ಲಿ ಪಕ್ಕ ಕೂತವನು ದೇವಾಲಯದಲ್ಲಿ ಕಟಕಟೆಯ ಹೊರಗೇ ನಿಲ್ಲಬೇಕು. ಅನ್ಯಜನರಿಗೆ ಸುವಾರ್ತೆ ಸಾರಿದ ಪೌಲನನ್ನು ಯೆರೂಸಲೇಮಿನಲ್ಲಿ ಜನ ಹಿಡಿದು ಬಡಿದದ್ದು ಇದೇ ವಿಷಯಕ್ಕೆ. ಎಫೆಸದ ತ್ರೊಫಿಮ ಎಂಬ ಅನ್ಯಜನನನ್ನು ಅವನು ಒಳಗೆ ಕರೆತಂದ ಅಂತ ಆರೋಪ. ಇಸ್ತಾಂಬುಲ್‌ನ ಕಲ್ಲು ಹೇಳುವ ಶಿಕ್ಷೆ ಅವನ ಕೊರಳಿಗೆ ಬಂದಿತ್ತು. ರೋಮಿನ ಸೈನಿಕರು ಓಡಿ ಬಂದು ಬಿಡಿಸಿದರು. ಅದೇ ಎಫೆಸದವರಿಗೆ ಅಂತ ಪೌಲನ ಹೆಸರಲ್ಲಿರುವ ಪತ್ರದ 2ನೇ ಅಧ್ಯಾಯದಲ್ಲಿ, ಕ್ರಿಸ್ತನು ನಮ್ಮಿಬ್ಬರ ನಡುವಿನ ಅಡ್ಡಗೋಡೆಯನ್ನು ಕೆಡವಿದ ಅನ್ನೋ ಮಾತು ಬರುತ್ತದೆ. ಆ ಕಲ್ಲನ್ನು ನೋಡಿದ ಮೇಲೆ ಈ ಮಾತನ್ನು ಸುಮ್ನೆ ಹೋಲಿಕೆ ಅಂತ ಓದಲು ನನ್ನಿಂದ ಆಗುವುದಿಲ್ಲ.

ಒಳಗಿನ ತೆರೆಗೂ ಇದೇ ಗತಿ ಅಂತ ಸುವಾರ್ತೆಗಳು ಹೇಳುತ್ತವೆ. ಯೇಸು ಸತ್ತ ಗಳಿಗೆಯಲ್ಲಿ ಅದು ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಇಬ್ರಿಯರಿಗೆ ಬರೆದ ಪತ್ರ ಇದನ್ನೇ ಬಿಡಿಸಿ ಹೇಳುತ್ತದೆ. ಯಾಜಕ ದಿನಾ ನಿಂತೇ ಸೇವೆ ಮಾಡುತ್ತಾನೆ, ಅದೇ ಬಲಿಗಳನ್ನು ಮತ್ತೆ ಮತ್ತೆ ಕೊಡುತ್ತಾನೆ. ಕ್ರಿಸ್ತನಾದರೋ ಒಂದೇ ಸಲ ತನ್ನನ್ನೇ ಕೊಟ್ಟು ಕೂತುಕೊಂಡ. ಪವಿತ್ರಸ್ಥಾನದ ಸಾಮಾನುಗಳ ಪಟ್ಟಿಯನ್ನು ವಿಮೋಚನಕಾಂಡದಲ್ಲಿ ಹುಡುಕಿ. ಮೇಜು ಇದೆ, ದೀಪಸ್ತಂಭ ಇದೆ, ಧೂಪವೇದಿ ಇದೆ. ಕೂರಲು ಪೀಠ ಇಲ್ಲ.

ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ತೀತನ ಸೈನ್ಯ ದೇವಾಲಯವನ್ನು ಸುಟ್ಟು ಕೆಡವಿತು. ಬಲಿ ನಿಂತದ್ದು ಯೆಹೂದ್ಯರಿಗೂ ಹೌದು. ಪಾಳುಬಿದ್ದ ದೇವಾಲಯ ನೋಡಿ ಅತ್ತ ಶಿಷ್ಯನಿಗೆ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯ್, ನಮಗೆ ಇನ್ನೊಂದು ಪರಿಹಾರ ಇದೆ, ಅದು ದಯೆಯ ಕೆಲಸ ಅಂತ ಪ್ರವಾದಿ ಹೋಶೇಯನ ವಚನ ತೋರಿಸಿ ಸಮಾಧಾನ ಮಾಡಿದರು ಅಂತ ಯೆಹೂದ್ಯ ಪರಂಪರೆ ನೆನೆಯುತ್ತದೆ. ಹಾಗಾಗಿ ಬಲಿಯಿಲ್ಲದ ಆರಾಧನೆ ಕ್ರೈಸ್ತರದ್ದು ಮಾತ್ರ ಅನ್ನುವುದು ಸರಿಯಲ್ಲ. ಒಂದೇ ಮನೆ ಬಿದ್ದ ಮೇಲೆ ಎರಡು ಕಡೆ ಬಿಡಾರ ಹೂಡಿದ ಒಡಹುಟ್ಟಿದವರು ಇವರು.

ಕ್ರೈಸ್ತರ ಬಿಡಾರದ ಒಳಗು ಹೇಗಿತ್ತು ಅಂತ ನೋಡಲು ಜಸ್ಟಿನ್ ಎಂಬ ಕ್ರೈಸ್ತ ಲೇಖಕರ ಬರಹ ಸಾಕು. 150ರ ದಶಕದಲ್ಲಿ ರೋಮ್‌ನಲ್ಲಿ ಕೂತು ಚಕ್ರವರ್ತಿಗೆ ವಿವರಿಸಿದ್ದಾರೆ. ಭಾನುವಾರ ಊರಿನವರು, ಹಳ್ಳಿಯವರು ಒಂದೆಡೆ ಸೇರುತ್ತಾರೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ. ಮುಖ್ಯಸ್ಥ ಬುದ್ಧಿ ಹೇಳುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ಬರುತ್ತದೆ. ಜನ ‘ಆಮೆನ್’ ಅನ್ನುತ್ತಾರೆ. ಇದು ಹೀಬ್ರೂ ಮಾತು, ಹಾಗೆಯೇ ಆಗಲಿ ಅಂತ ಅರ್ಥ ಅಂತ ಚಕ್ರವರ್ತಿಗೆ ಬಿಡಿಸಿ ಹೇಳುತ್ತಾರೆ. ಬರಲಾಗದವರ ಪಾಲನ್ನು ಅವರ ಮನೆಗೇ ಒಯ್ದು ಕೊಡುತ್ತಾರೆ. ಕೂಡಿಸಿದ ಹಣ ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರಿಗೆ.

ಸಿರಿಯಾದ ದುರಾ-ಯುರೋಪೊಸ್‌ನಲ್ಲಿ 3ನೇ ಶತಮಾನದ ಇಂಥ ಒಂದು ಮನೆ ಮಣ್ಣಿನಡಿ ಉಳಿದಿತ್ತು. ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಒಂದೇ ಹಾಲ್ ಮಾಡಿಕೊಂಡಿದ್ದರು. ಮುಂದೆ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ದೊಡ್ಡ ಚರ್ಚುಗಳು ಎದ್ದಾಗಲೂ ಅವಕ್ಕೆ ಮಾದರಿಯಾದದ್ದು ಜನ ಒಳಗೆ ಸೇರುವ ರೋಮಿನ ಸಾರ್ವಜನಿಕ ಸಭಾಭವನ.

ಆದರೆ ಹಳೇ ಮಾತುಗಳು ಮೆಲ್ಲಗೆ ಮರಳಿ ಬಂದವು. 3ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬಿಷಪ್‌ಗಳನ್ನು ಯಾಜಕರು ಅಂತಲೇ ಕರೆದರು. ಮೇಜು ಬಲಿಪೀಠ ಆಯಿತು. 1520ರಲ್ಲಿ ಜರ್ಮನಿಯ ಸುಧಾರಕ ಲೂಥರ್ ನಂಬಿದವರೆಲ್ಲ ಯಾಜಕರೇ ಅಂದರು. ಪೂಜೆ ನಿಜವಾದ ಬಲಿಯೇ, ಆದರೆ ಶಿಲುಬೆಯ ಅದೇ ಬಲಿ ರಕ್ತವಿಲ್ಲದ ರೀತಿಯಲ್ಲಿ ಅಂತ 1562ರಲ್ಲಿ ಕಥೋಲಿಕರ ಟ್ರೆಂಟ್ ಸಭೆ ಹೇಳಿತು. ಆ ಜಗಳದ ಗುರುತು ಕನ್ನಡದಲ್ಲೂ ಇದೆ. ನಮ್ಮ ಕಥೋಲಿಕರು ಭಾನುವಾರ ‘ಬಲಿಪೂಜೆ’ಗೆ ಹೋಗುತ್ತಾರೆ, ನಡೆಸುವವರು ‘ಗುರುಗಳು’. ಪ್ರೊಟೆಸ್ಟೆಂಟರು ‘ಆರಾಧನೆ’ಗೆ ಹೋಗುತ್ತಾರೆ, ನಡೆಸುವವರು ‘ಸಭಾಪಾಲಕರು’. ಒಂದೇ ಬೀದಿಯ ಎರಡು ಚರ್ಚು, ಎರಡು ಉತ್ತರ.

ಗೋಡೆಗಳೂ ಮರಳಿ ಬಂದವು. ನಮ್ಮ ಪಕ್ಕದ ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನಲ್ಲಿ ಒಂದು ಜಾತಿಯವರು ಇನ್ನೊಂದು ಜಾತಿಯವರ ಜೊತೆ ಕೂರಬಾರದು ಅಂತ ಒಳಗೇ ಅಡ್ಡಗೋಡೆ ಇತ್ತು. ಒಂದೇ ಬಲಿಪೀಠ, ಗೋಡೆಯ ಆಚೆ ಈಚೆ ಎರಡು ಸಭೆ. ಎಫೆಸದವರ ಪತ್ರವನ್ನು ಅಲ್ಲೂ ಓದುತ್ತಿದ್ದರು ಅಂತ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. 1910ರಲ್ಲಿ ಚರ್ಚಿನ ಆಡಳಿತದವರು ಆ ಗೋಡೆ ಒಡೆಸಿದರು. ಮೇಲ್ಜಾತಿಯ ಕೆಲವರು ಅದು ತಮ್ಮ ಹಕ್ಕು ಅಂತ ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ ಆ ಹಕ್ಕನ್ನು ಒಪ್ಪಲಿಲ್ಲ.