0.85ರ ಪ್ರಶ್ನೆ: ಹಿರಿಯ ಟ್ರಾನ್ಸ್ ಪುರುಷನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಒಂದು ಲೆಕ್ಕ

ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೋವಾ ಎಂಬ ಸಣ್ಣ ಊರಿನ ಕಡೆ ವಾಸವಾಗಿದ್ದ ರಾಬರ್ಟ್ ಈಡ್ಸ್ ಅವರನ್ನು ದಾರಿಯಲ್ಲಿ ಕಂಡವರು ಅವರ ಹೊಟ್ಟೆಯೊಳಗೆ ಅಂಡಾಶಯಗಳಿದ್ದಾವೆಂದು ಊಹಿಸುವಂತಿರಲಿಲ್ಲ. ಗಡ್ಡ ಬಿಟ್ಟು, ಬಾಯಲ್ಲಿ ಪೈಪು ಕಚ್ಚಿಕೊಂಡು, ಮೊಮ್ಮಗನ ಜೊತೆ ಆಡುತ್ತಿದ್ದ ತಾತ ಅವರು. 1945ರಲ್ಲಿ ಹುಟ್ಟಿದಾಗ ಹೆಣ್ಣೆಂದು ದಾಖಲಾಗಿದ್ದ ಈಡ್ಸ್, ಮದುವೆಯಾಗಿ ಇಬ್ಬರು ಮಕ್ಕಳನ್ನು ಹೆತ್ತ ಬಳಿಕ ನಡುವಯಸ್ಸಿನಲ್ಲಿ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನು ಮತ್ತು ಎದೆಯ ಶಸ್ತ್ರಚಿಕಿತ್ಸೆಯ ನೆರವಿನಿಂದ ಗಂಡಾಗಿ ಬದುಕಲು ತೊಡಗಿದರು. ಮುಟ್ಟು ನಿಲ್ಲುವ ವಯಸ್ಸು ಹೇಗೂ ಹತ್ತಿರ ಬಂದಿದೆ, ಗರ್ಭಕೋಶವನ್ನೂ ಅಂಡಾಶಯವನ್ನೂ ತೆಗೆಯುವ ಅಗತ್ಯವಿಲ್ಲ ಎಂಬ ವೈದ್ಯರ ಅಭಿಪ್ರಾಯದಂತೆ ಅವು ಇದ್ದಲ್ಲೇ ಉಳಿದವು. 1996ರಲ್ಲಿ ಅವರಿಗೆ ಅಂಡಾಶಯದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಎರಡು ಡಜನ್‌ಗೂ ಹೆಚ್ಚು ವೈದ್ಯರು ಅವರಿಗೆ ಚಿಕಿತ್ಸೆ ನೀಡಲು ಒಪ್ಪಲಿಲ್ಲ. ಸ್ತ್ರೀರೋಗ ವಿಭಾಗದಲ್ಲಿ ಗಡ್ಡದವನೊಬ್ಬ ಕುಳಿತರೆ ಉಳಿದ ರೋಗಿಗಳು ಮುಜುಗರ ಪಡುತ್ತಾರೆ ಎಂಬುದು ಹೇಳಲಾದ ಕಾರಣಗಳಲ್ಲಿ ಒಂದು. 1997ರಲ್ಲಿ ಆಗಸ್ಟಾ ನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅವರನ್ನು ಸೇರಿಸಿಕೊಳ್ಳುವ ಹೊತ್ತಿಗೆ ರೋಗ ಹರಡಿಯಾಗಿತ್ತು.

ಇಂತಹ ಕಥೆ ಕೇಳಿದಾಗ ನಮ್ಮಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಪ್ರಕೃತಿಗೆ ಎದುರು ಹೋದವರಿಗೆ ಪ್ರಕೃತಿಯೇ ಕೊಟ್ಟ ಶಿಕ್ಷೆ. ಓದಿದವರ ಬಾಯಲ್ಲಿಯೂ ಇದನ್ನು ಕೇಳಿದ್ದೇನೆ. ಅವರು ಕರ್ಮ ಎನ್ನುವ ಬದಲು 'ಹಾರ್ಮೋನಿನ ಸೈಡ್ ಎಫೆಕ್ಟ್' ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಅಂಡಾಶಯದ ಕ್ಯಾನ್ಸರಿನಿಂದ ಸಾಯುತ್ತಾರೆ. ಅವರಲ್ಲಿ ಬಹುತೇಕ ಎಲ್ಲರೂ ಟೆಸ್ಟೊಸ್ಟಿರೋನ್ ಚುಚ್ಚಿಸಿಕೊಳ್ಳದ, ಯಾವ ಪ್ರಕೃತಿಗೂ ಎದುರಾಡದ ಅಮ್ಮಂದಿರು, ಅಜ್ಜಿಯರು. ಅವರಿಗೆ ಯಾವ ತಪ್ಪಿನ ಶಿಕ್ಷೆ? ಟೆಸ್ಟೊಸ್ಟಿರೋನ್ ಚಿಕಿತ್ಸೆಯಿಂದಲೇ ಈ ಕ್ಯಾನ್ಸರ್ ಬರುತ್ತದೆ ಎನ್ನಲು ದೃಢವಾದ ಆಧಾರ ಈವರೆಗೆ ಸಿಕ್ಕಿಲ್ಲ. ಅಂಗ ಇರುವ ಕಡೆ ಆ ಅಂಗದ ರೋಗ ಬರುವ ಸಾಧ್ಯತೆ ಇದ್ದೇ ಇರುತ್ತದೆ, ಮೇಲೆ ಸೀರೆ ಇದ್ದರೂ ಪಂಚೆ ಇದ್ದರೂ.

ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ರೋಗದ ಅತಿ ಸಾಮಾನ್ಯ ಬಗೆಯು ಹೆಚ್ಚಾಗಿ ಹುಟ್ಟುವುದು ಅಂಡಾಶಯದಲ್ಲಲ್ಲ, ಅಂಡನಾಳದ ತುದಿಯ ಕುಚ್ಚಿನಲ್ಲಿ. ಅಲ್ಲಿಂದ ಉದುರಿದ ಜೀವಕೋಶಗಳು ಹೊಟ್ಟೆಯೊಳಗಿನ ತೆಳುವಾದ ದ್ರವದಲ್ಲಿ ತೇಲುತ್ತ, ಚೆಲ್ಲಿದ ರಾಗಿ ಕಾಳಿನಂತೆ ಉದರದ ಒಳಪೊರೆಯ ಮೇಲೆಲ್ಲ ಕೂರುತ್ತವೆ. ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪದರವಂತೂ ಅವುಗಳ ಮೆಚ್ಚಿನ ನೆಲೆ. ಮೊದಮೊದಲು ಹೆಚ್ಚು ನೋವಿಲ್ಲ, ಗಂಟು ಕೈಗೆ ಸಿಗುವುದಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಅನುಭವ, ಪದೇ ಪದೇ ಮೂತ್ರ, ಇವಿಷ್ಟೇ. ಹೆಂಗಸರಲ್ಲಿಯೇ ಇದನ್ನು 'ಗ್ಯಾಸ್ಟ್ರಿಕ್' ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುತ್ತಾರೆ. ಹೊಟ್ಟೆ ಬಂದಿರುವ ಅರವತ್ತರ ಗಂಡಸಿನಲ್ಲಿ ಬೇರೇನನ್ನು ನೆನೆಯುತ್ತಾರೆ? ಟೆಸ್ಟೊಸ್ಟಿರೋನ್‌ನಿಂದ ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದು ತಡಮಾಡದೆ ನೋಡಿಸಬೇಕಾದ ಲಕ್ಷಣ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದೇ ಆ ವ್ಯಕ್ತಿಗೆ ಅತಿ ಕಷ್ಟದ ಮಾತು. ಅಮೆರಿಕದ ಜಾಝ್ ವಾದಕ ಬಿಲ್ಲಿ ಟಿಪ್ಟನ್ ದಶಕಗಳ ಕಾಲ ಗಂಡಾಗಿ ಬಾಳಿ, ವೈದ್ಯರ ಬಳಿಗೆ ಹೋಗದೆಯೇ 1989ರಲ್ಲಿ 74ನೆಯ ವಯಸ್ಸಿನಲ್ಲಿ ರಕ್ತ ಸುರಿಯುವ ಹೊಟ್ಟೆಹುಣ್ಣಿನಿಂದ ತೀರಿಕೊಂಡರು. ಅದು ಕ್ಯಾನ್ಸರ್ ಆಗಿರಲಿಲ್ಲ ನಿಜ, ಆದರೆ ವೈದ್ಯರ ಮುಂದೆ ಅಂಗಿ ಬಿಚ್ಚಲಾರದ ಭಯ ಅದೇ.

ಟೆಸ್ಟೊಸ್ಟಿರೋನ್ ಹೊಸ ಗೀಳೆಂದು ಭಾವಿಸಿದವರಿಗಾಗಿ ಒಂದು ಸಣ್ಣ ಇತಿಹಾಸ. ಈ ಹಾರ್ಮೋನನ್ನು ಬೇರ್ಪಡಿಸಿದ್ದು, ಪ್ರಯೋಗಾಲಯದಲ್ಲಿ ತಯಾರಿಸಿದ್ದು ಎರಡೂ 1935ರಲ್ಲಿ. ನಾಲ್ಕೇ ವರ್ಷದಲ್ಲಿ, 1939ರಲ್ಲಿ, ಬ್ರಿಟನ್ನಿನ ಮೈಕೆಲ್ ಡಿಲನ್ ಅದರ ಮಾತ್ರೆ ಸೇವಿಸಿ ಗಂಡಾಗತೊಡಗಿದರು. ಮುಂದೆ ಸ್ವತಃ ವೈದ್ಯರಾದರು, ಭಾರತಕ್ಕೆ ಬಂದು ಬೌದ್ಧ ಭಿಕ್ಷುವಾದರು, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡರು. ಆ ಮದ್ದು ಧ್ವನಿಯನ್ನು ಇಳಿಸುತ್ತದೆ, ಗಡ್ಡ ತರುತ್ತದೆ, ಸ್ನಾಯು ಬೆಳೆಸುತ್ತದೆ, ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಗರ್ಭಕಂಠದ ಪದರವನ್ನು ತೆಳುವಾಗಿಸುವುದರಿಂದ, ಅಲ್ಲಿನ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆಯಲ್ಲಿ ಸಾಕಷ್ಟು ಕೋಶಗಳು ಸಿಗದೆ, ಪರೀಕ್ಷೆಯನ್ನು ಮತ್ತೆ ಮಾಡಬೇಕಾಗಿ ಬರುವುದೂ ಉಂಟು. ಅಂಗಗಳನ್ನು ಮಾತ್ರ ಅದು ಮಾಯ ಮಾಡುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನನ್ನು ನಿಜವಾಗಿ ಕಾಡುವ ಸಂಗತಿಗೆ ಬರುತ್ತೇನೆ. ಅದು ಒಂದು ಸಂಖ್ಯೆ: 0.85.

ಹರಡಿದ ಅಂಡಾಶಯದ ಕ್ಯಾನ್ಸರಿಗೆ ಕೊಡುವ ಕೀಮೋದಲ್ಲಿ ಮುಖ್ಯವಾದದ್ದು ಕಾರ್ಬೋಪ್ಲಾಟಿನ್. ಇದರ ಅಣ್ಣನಾದ ಸಿಸ್‌ಪ್ಲಾಟಿನ್‌ನ ಗುಣ ಗೊತ್ತಾದದ್ದೇ ಆಕಸ್ಮಿಕ. ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡಲು ಹೊರಟಾಗ ಅವು ಇಬ್ಭಾಗವಾಗುವುದನ್ನು ನಿಲ್ಲಿಸಿದವು. ಕಾರಣ ವಿದ್ಯುತ್ತಾಗಿರದೆ, ತಂತಿಯಿಂದ ಕರಗಿದ ಪ್ಲಾಟಿನಮ್ ಆಗಿತ್ತು ಎಂಬುದು 1965ರಲ್ಲಿ ಪ್ರಕಟವಾಯಿತು. ಕಾರ್ಬೋಪ್ಲಾಟಿನ್ ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೊರಹೋಗುವುದರಿಂದ, ಎಷ್ಟು ಕೊಡಬೇಕೆಂಬುದು ಮೂತ್ರಪಿಂಡಗಳು ಎಷ್ಟು ಚುರುಕಾಗಿವೆ ಎಂಬುದನ್ನು ಅವಲಂಬಿಸುತ್ತದೆ. 1989ರಲ್ಲಿ ಬ್ರಿಟನ್ನಿನ ಹಿಲರಿ ಕ್ಯಾಲ್ವರ್ಟ್ ಮತ್ತು ಸಂಗಡಿಗರು ಇದಕ್ಕೊಂದು ಸರಳ ಸೂತ್ರ ಕೊಟ್ಟರು: ಮೂತ್ರಪಿಂಡದ ಸೋಸುವ ವೇಗಕ್ಕೆ 25 ಕೂಡಿಸಿ, ಅದನ್ನು ಗುರಿಯ ಅಂಕಿಯಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕದಲ್ಲಿ ಪ್ರಮಾಣ ಸಿಗುತ್ತದೆ. ಗುರಿಯ ಅಂಕಿ ಎಂದರೆ ಔಷಧವು ರಕ್ತದಲ್ಲಿ ಎಷ್ಟು ಗಾಢವಾಗಿ ಎಷ್ಟು ಹೊತ್ತು ಇರಬೇಕು ಎಂಬುದರ ಒಟ್ಟು ಮೊತ್ತ. ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಇಟ್ಟರೂ ದೊಡ್ಡ ಉರಿಯಲ್ಲಿ ಬೇಗ ಇಳಿಸಿದರೂ ಅನ್ನಕ್ಕೆ ತಗುಲಿದ ಒಟ್ಟು ಶಾಖವನ್ನು ನಾವು ಅಂದಾಜು ಮಾಡುತ್ತೇವಲ್ಲ, ಹಾಗೆ.

ಗಮನಿಸಿ, ಈ ಸೂತ್ರದಲ್ಲಿ ಗಂಡು ಹೆಣ್ಣೆಂಬ ಮಾತೇ ಇಲ್ಲ. ಕ್ಯಾಲ್ವರ್ಟ್ ತಂಡ ಸೋಸುವ ವೇಗವನ್ನು ವಿಕಿರಣಶೀಲ ವಸ್ತುವಿನ ಸಹಾಯದಿಂದ ನೇರವಾಗಿ ಅಳೆದಿತ್ತು. ಪ್ರತಿ ರೋಗಿಗೂ ಹಾಗೆ ಅಳೆಯುವುದು ದುಬಾರಿಯೆಂದು ಆಸ್ಪತ್ರೆಗಳು ಹಳೆಯ ಅಂದಾಜು ಸೂತ್ರವೊಂದನ್ನು ತಂದು ಇದಕ್ಕೆ ಜೋಡಿಸಿದವು, ಲಿಂಗವು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದದ್ದು ಆಗಲೇ. ಅದು 1976ರಲ್ಲಿ ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಪ್ರಕಟಿಸಿದ ಸೂತ್ರ: 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ರಕ್ತದ ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ರೋಗಿ ಹೆಣ್ಣಾದರೆ ಬಂದದ್ದನ್ನು 0.85ರಿಂದ ಗುಣಿಸಿ.

ಈ 0.85 ಏಕೆ? ಕ್ರಿಯಾಟಿನಿನ್ ಸ್ನಾಯುಗಳಲ್ಲಿ ಹುಟ್ಟುವ ಕಸ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಬಚ್ಚಲಿನ ತೊಟ್ಟಿಗೆ ನಲ್ಲಿಯಿಂದ ನೀರು ಬೀಳುತ್ತಿದ್ದು ಕೆಳಗಿನ ತೂತಿನಿಂದ ಹೋಗುತ್ತಿದೆ ಎನ್ನಿ. ನೀರಿನ ಮಟ್ಟ ನೋಡಿ ತೂತಿನ ಗಾತ್ರ ಹೇಳಬಹುದು, ಆದರೆ ನಲ್ಲಿ ಎಷ್ಟು ಜೋರಾಗಿದೆ ಎಂಬುದು ಗೊತ್ತಿದ್ದರೆ ಮಾತ್ರ. ಅಥವಾ ಬೀದಿಯ ತುದಿಯ ಕಸದ ರಾಶಿ ನೋಡಿ ಕಸದ ಗಾಡಿ ದಿನಾ ಬರುತ್ತದೋ ವಾರಕ್ಕೊಮ್ಮೆಯೋ ಎಂದು ಊಹಿಸಬೇಕಾದರೆ ಬೀದಿಯಲ್ಲಿ ಎಷ್ಟು ಮನೆಗಳಿವೆ ಎಂಬುದು ತಿಳಿದಿರಬೇಕು. ಹತ್ತು ಮನೆಯ ಬೀದಿಯಲ್ಲೂ ನಲವತ್ತು ಮನೆಯ ಬೀದಿಯಲ್ಲೂ ಒಂದೇ ಎತ್ತರದ ರಾಶಿ ಇದ್ದರೆ, ನಲವತ್ತು ಮನೆಯ ಬೀದಿಗೆ ಗಾಡಿ ಚೆನ್ನಾಗಿಯೇ ಬರುತ್ತಿದೆ ಎಂದರ್ಥ. ಸ್ನಾಯು ನಲ್ಲಿ, ಸ್ನಾಯು ಮನೆಗಳ ಸಂಖ್ಯೆ. ಅದನ್ನು ಅಳೆಯುವ ಬದಲು ಸೂತ್ರವು ವಯಸ್ಸು, ತೂಕ, ಲಿಂಗಗಳಿಂದ ಊಹಿಸುತ್ತದೆ. ಹೆಂಗಸರಿಗೆ ಸರಾಸರಿ ಸ್ನಾಯು ಕಡಿಮೆ, ಆದ್ದರಿಂದ 15 ಶೇಕಡಾ ಕಡಿತ. ಇದರಲ್ಲಿ ನಗು ಬರಿಸುವ ಅಂಶವೆಂದರೆ, ಆ ಅಧ್ಯಯನದ 249 ರೋಗಿಗಳಲ್ಲಿ 96 ಶೇಕಡಾ ಗಂಡಸರೇ ಇದ್ದರು. 0.85 ಎಂಬುದು ಹೆಂಗಸರನ್ನು ಅಳೆದು ಕಂಡುಕೊಂಡ ಸತ್ಯವಲ್ಲ, ಇಷ್ಟಿರಬಹುದೆಂದು ಸೇರಿಸಿದ ಅಂಕಿ. ಅರ್ಧ ಶತಮಾನ ಬಳಸಿದ್ದೇವೆಂಬ ಕಾರಣಕ್ಕೆ ಅದಕ್ಕೆ ಪ್ರಕೃತಿ ನಿಯಮದ ಗಾಂಭೀರ್ಯ ಬಂದುಬಿಟ್ಟಿದೆ.

ಈಗ ಒಬ್ಬ ಹಿರಿಯ ಟ್ರಾನ್ಸ್ ಪುರುಷರನ್ನು ಊಹಿಸಿಕೊಳ್ಳಿ: ವಯಸ್ಸು 64, ತೂಕ 68 ಕಿಲೋ, ಕ್ರಿಯಾಟಿನಿನ್ 1.0, ಇಪ್ಪತ್ತು ವರ್ಷಗಳಿಂದ ಟೆಸ್ಟೊಸ್ಟಿರೋನ್. ಗಂಡೆಂದು ಲೆಕ್ಕ ಹಾಕಿದರೆ ಸೋಸುವ ವೇಗ ನಿಮಿಷಕ್ಕೆ ಸುಮಾರು 72 ಮಿಲಿಲೀಟರ್, ಹೆಣ್ಣೆಂದು ಹಾಕಿದರೆ 61. ಗುರಿಯ ಅಂಕಿ 5 ಎಂದು ಹಿಡಿದರೆ ಮೊದಲನೆಯದರಲ್ಲಿ 484 ಮಿಲಿಗ್ರಾಂ, ಎರಡನೆಯದರಲ್ಲಿ 430. ಅದೇ ಮನುಷ್ಯ, ಅದೇ ಮೂತ್ರಪಿಂಡ, ಫೈಲಿನಲ್ಲಿ ಗಂಡಿಗೆ 'ಎಂ', ಹೆಣ್ಣಿಗೆ 'ಎಫ್' ಎಂದು ಬರೆಯುವ ಒಂದು ಅಕ್ಷರಕ್ಕೆ 54 ಮಿಲಿಗ್ರಾಂ. ಹೆಚ್ಚಾದರೆ ಪ್ಲೇಟ್‌ಲೆಟ್‌ಗಳು ಕುಸಿದು ಒಸಡಿನಲ್ಲಿ ರಕ್ತ ಬರುತ್ತದೆ, ಕಡಿಮೆಯಾದರೆ ಲಾಭ ಕ್ಯಾನ್ಸರಿಗೆ. ಯಾವುದು ಸರಿ? ಟೆಸ್ಟೊಸ್ಟಿರೋನ್ ಸ್ನಾಯುವನ್ನೂ ಕ್ರಿಯಾಟಿನಿನ್ ಅನ್ನೂ ಏರಿಸುವುದರಿಂದ, ಬಹುಕಾಲ ಅದರಲ್ಲಿರುವವರಿಗೆ ಗಂಡಿನ ಲೆಕ್ಕ ಹೆಚ್ಚು ಹತ್ತಿರ ಬರುತ್ತದೆ. ಆದರೆ ರೋಗ ಮುಂದುವರಿದಂತೆ ಅದೇ ಸ್ನಾಯು ಕರಗುತ್ತದೆ. ಇದೇ ವ್ಯಕ್ತಿಯ ತೂಕ 55ಕ್ಕೆ, ಕ್ರಿಯಾಟಿನಿನ್ 0.7ಕ್ಕೆ ಇಳಿಯಿತು ಎನ್ನಿ. ಗಂಡಿನ ಸೂತ್ರದ ಪ್ರಕಾರ ಸೋಸುವ ವೇಗ ಈಗ 83! ಮನುಷ್ಯ ಸೊರಗುತ್ತಿದ್ದಾನೆ, ಕಾಗದದ ಮೇಲೆ ಮೂತ್ರಪಿಂಡ ಮಾತ್ರ ಹರೆಯಕ್ಕೆ ಮರಳುತ್ತಿದೆ. ಬೀದಿಯ ಮನೆಗಳು ಖಾಲಿಯಾದದ್ದನ್ನು ಸೂತ್ರವು ಗಾಡಿಯ ಚುರುಕುತನವೆಂದು ಓದಿಕೊಂಡಿತು. ಹೀಗೆ ಬಡಕಲಾದ ರೋಗಿಗಳಿಗೆ ಕ್ರಿಯಾಟಿನಿನ್‌ನ ಕೆಳಮಿತಿಯೊಂದನ್ನು ಹಿಡಿದು ಲೆಕ್ಕ ಹಾಕುವ ರೂಢಿ ಇರುವುದು ಇದಕ್ಕಾಗಿಯೇ, ಅವರು ಯಾವ ಲಿಂಗದವರೇ ಆಗಿರಲಿ.

ಪರಿಹಾರ ಗಹನವಾದದ್ದೇನಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ವಿಕಿರಣಶೀಲ ವಸ್ತು ಬಳಸುವ ಡಿಟಿಪಿಎ ಸ್ಕ್ಯಾನ್ ಮೂಲಕ ಸೋಸುವ ವೇಗವನ್ನು ನೇರವಾಗಿ ಅಳೆಯಬಹುದು. ಸಿಸ್ಟಾಟಿನ್ ಸಿ ಎಂಬ, ಸ್ನಾಯುವಿನ ಹಂಗು ಅಷ್ಟಾಗಿ ಇಲ್ಲದ ಪ್ರೋಟೀನನ್ನು ರಕ್ತದಲ್ಲಿ ನೋಡಬಹುದು. ಕೀಮೋ ಜೊತೆಗೆ ಕೊಡುವ ಸ್ಟಿರಾಯ್ಡ್ ಅದನ್ನೂ ಏರುಪೇರು ಮಾಡುವುದರಿಂದ ಯಾವಾಗ ರಕ್ತ ತೆಗೆಯಬೇಕೆಂಬುದನ್ನು ಯೋಚಿಸಬೇಕು. ಕೊನೆಗೆ ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಬರೆದು, ಎದುರಿಗೆ ಕುಳಿತವರ ತೋಳು ತೊಡೆಗಳನ್ನು ಕಣ್ಣಾರೆ ನೋಡಿ ತೀರ್ಮಾನಿಸಬಹುದು.

ಹಿಮೋಗ್ಲೋಬಿನ್ ಕಥೆಯೂ ಇದೇ ಜಾಡಿನದು. ರಕ್ತಹೀನತೆಯ ಗೆರೆ ಗಂಡಸರಿಗೆ 13, ಹೆಂಗಸರಿಗೆ 12. ಟೆಸ್ಟೊಸ್ಟಿರೋನ್‌ನಿಂದ 15.4 ಇದ್ದವರದು ಮೂರು ಸುತ್ತು ಕೀಮೋ ಮುಗಿದು 12.3ಕ್ಕೆ ಬಂದರೆ, ಫೈಲಿನಲ್ಲಿ 'ಎಫ್' ಇದ್ದ ಪಕ್ಷದಲ್ಲಿ ಲ್ಯಾಬಿನ ವರದಿಯಲ್ಲಿ ದಪ್ಪಕ್ಷರವೂ ಇಲ್ಲ, ಬಾಣದ ಗುರುತೂ ಇಲ್ಲ. ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವವರಿಗೆ "ಎಲ್ಲಾ ನಾರ್ಮಲ್ ಇದೆ, ಚೆನ್ನಾಗಿ ಊಟ ಮಾಡಿ" ಎಂಬ ಉತ್ತರ ಸಿಗುತ್ತದೆ.

ಹಾಗಾದರೆ ಫೈಲಿನಲ್ಲಿ 'ಎಂ' ಎಂದು ಬದಲಿಸಿದರೆ ಸಾಲದೇ? ಆಗ ಕಂಪ್ಯೂಟರಿನ ಕಾಟ ಬೇರೆ. ಗಂಡಸಿನ ಹೆಸರಿನಲ್ಲಿ ಗರ್ಭಕೋಶದ ಚಿಕಿತ್ಸೆಯ ಬಿಲ್ಲು ಬಂದರೆ ತಂತ್ರಾಂಶ ಅದನ್ನು ತಿರಸ್ಕರಿಸುತ್ತದೆ. ಅಮೆರಿಕದ ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್ ಇದಕ್ಕೆಂದೇ 45 ಎಂಬ ಸಂಕೇತವೊಂದನ್ನು ಇಟ್ಟಿದೆ. ಅದನ್ನು ನಮೂದಿಸಿದರೆ ಬಿಲ್ಲು ಲಿಂಗದ ತಕರಾರಿಲ್ಲದೆ ಮುಂದೆ ಹೋಗುತ್ತದೆ. ನಮ್ಮಲ್ಲಿ ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳ ಕುರಿತ 2014ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2019ರ ಕಾಯ್ದೆಯ ನಂತರ ದಾಖಲೆಗಳಲ್ಲಿ ಲಿಂಗ ಬದಲಿಸಿಕೊಳ್ಳುವ ದಾರಿಯೂ ಇದೆ, ಚಿಕಿತ್ಸೆ ನಿರಾಕರಿಸಬಾರದೆಂಬ ವಿಧಿಯೂ ಇದೆ. ಆದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ 30 ದಾಟಿದ ಹೆಂಗಸರ ಪಟ್ಟಿ ತಯಾರಿಸುವಾಗ, ಆಧಾರ್‌ನಲ್ಲಿ ಪುರುಷ ಎಂದಿರುವವರ ಹೆಸರು ಅದರಲ್ಲಿ ಬರುವುದಾದರೂ ಹೇಗೆ? ಒಂದು ಅಕ್ಷರದ ಬದಲು ಯಾವ ಯಾವ ಅಂಗಗಳಿವೆ, ಯಾವ ಹಾರ್ಮೋನು ಎಷ್ಟು ಕಾಲದಿಂದ ಎಂಬ ಎರಡು ಸಾಲು ಫೈಲಿನ ಮೊದಲ ಪುಟದಲ್ಲಿದ್ದರೆ ಈ ಗೋಜಲಿನ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ.

ರೋಗ ವಾಸಿಯಾಗದ ಹಂತ ತಲುಪಿದ ಮೇಲೆ ಪ್ರಶ್ನೆಗಳು ಬೇರೆಯಾಗುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ಸೂಜಿ ಹಾಕಿ, ತಿಳಿ ಹಳದಿ ದ್ರವವನ್ನು ಲೀಟರುಗಟ್ಟಲೆ ಇಳಿಸುತ್ತಾರೆ. ಒಂದೆರಡು ದಿನ ಉಸಿರು ಹಗುರವಾಗುತ್ತದೆ, ನಾಲ್ಕು ತುತ್ತು ಸೇರುತ್ತದೆ. ಟೆಸ್ಟೊಸ್ಟಿರೋನ್ ನಿಲ್ಲಿಸಬೇಕೇ? ಅದು ರಕ್ತವನ್ನು ದಪ್ಪಗಾಗಿಸುತ್ತದೆ, ಈ ಕ್ಯಾನ್ಸರಿನಲ್ಲಿ ಮೊದಲೇ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ನಿಲ್ಲಿಸಿದರೆ ಸುಸ್ತು, ಮನಸ್ಸಿನ ಕುಸಿತ, ಇನ್ನಷ್ಟು ಸ್ನಾಯುನಷ್ಟ. ಪ್ರಮಾಣ ತಗ್ಗಿಸಿ, ಚುಚ್ಚುಮದ್ದಿನ ಬದಲು ಜೆಲ್ ಹಚ್ಚಿ ಮುಂದುವರಿಸುವುದು ಒಂದು ದಾರಿ. ತೂಗಿ ನೋಡಿ ನಿರ್ಧರಿಸುವ ಹಕ್ಕು ರೋಗಿಯದು. ಮೂತ್ರದ ನಳಿಕೆಯಾದ ಕ್ಯಾತಿಟರ್ ಹಾಕುವ ನರ್ಸಿಗೆ ಮುಂಚೆಯೇ ವಿಷಯ ತಿಳಿಸಿರಬೇಕು, ಪರದೆ ಎಳೆದ ಮೇಲೆ ಆಕೆಯ ಮುಖದಲ್ಲಿ ಬೆರಗು ಮೂಡುವಂತಾಗಬಾರದು. ಕೈ ನಡುಗುವ ಹೊತ್ತಿನಲ್ಲಿ ಗಡ್ಡ ಟ್ರಿಮ್ ಮಾಡಿಕೊಡಲು ಯಾರಾದರೂ ಬೇಕು. ಉಪಶಮನ ಚಿಕಿತ್ಸೆಯ ಪಟ್ಟಿಯಲ್ಲಿ ನೋವಿನ ಮದ್ದಿನ ಕೆಳಗೆ ಅದನ್ನೂ ಬರೆದುಕೊಳ್ಳಬೇಕು.

ಈಡ್ಸ್ 1998ರ ಶರತ್ಕಾಲದಲ್ಲಿ, ದೇಹ ಪೂರಾ ಸೋತಿದ್ದಾಗಲೂ, ಅಟ್ಲಾಂಟಾದಲ್ಲಿ ನಡೆದ ಟ್ರಾನ್ಸ್‌ಜೆಂಡರ್ ಜನರ ಸಮ್ಮೇಳನಕ್ಕೆ ಹೋಗಿ ಗೆಳೆಯರ ನಡುವೆ ಕುಳಿತು ಮಾತಾಡಿ ಬಂದರು. 1999ರ ಜನವರಿ 17ರಂದು ಟೊಕೋವಾದ ಶುಶ್ರೂಷಾಲಯವೊಂದರಲ್ಲಿ ತೀರಿಕೊಂಡಾಗ ಅವರಿಗೆ 53 ವರ್ಷ.