ಒಂದು ಕಾಫಿ ಬೀಜದಷ್ಟು ಆಳ

ಬಾಳೆಹೊನ್ನೂರಿನ ಹತ್ತಿರವಿರುವ ನಮ್ಮ ತೋಟದ ಮನೆಯ ಕಣದಲ್ಲಿ, ಒಣಗಲು ಹರಡಿದ್ದ ಕಾಫಿ ಹಣ್ಣನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ, ಅಣ್ಣನ ಮಗ ತನ್ನ ಸರ್ಫ್ ಹಲಗೆಯನ್ನು ತಂದು ಬೋರಲಾಗಿ ಮಲಗಿಸಿದ. ಮೂಲ್ಕಿಯ ಕಡಲಲ್ಲಿ ಎರಡು ವರ್ಷಗಳಿಂದ ಅಲೆ ಸವಾರಿ ಕಲಿಯುತ್ತಿರುವ ಅವನು, ರಜೆಗೆ ಬರುವಾಗ ಕಾರ್ಕಳ, ಶೃಂಗೇರಿಯ ದಾರಿಯಲ್ಲಿ ಅದನ್ನು ಜೀಪಿನ ಮೇಲೆ ಕಟ್ಟಿಕೊಂಡು ಘಟ್ಟ ಹತ್ತಿಸಿದ್ದ. ಆರು ಅಡಿ ಉದ್ದ, ಒಂದೂವರೆ ಅಡಿಗಿಂತ ತುಸು ಹೆಚ್ಚು ಅಗಲ, ಮೂರು ಕಿಲೋ ತೂಕದ ಹಲಗೆ ಅದು.

"ಚಿಕ್ಕಪ್ಪ, ತಳ ಚಪ್ಪಟೆಯಾಗಿದೆ ಅಂತ ಅನ್ನಿಸುತ್ತಲ್ಲ? ಕೈಯಾಡಿಸಿ ನೋಡಿ" ಎಂದ. ಕೈಗೆ ಏನೋ ತಗ್ಗು ಹತ್ತಿದಂತಾಯಿತು, ಆದರೆ ಖಾತ್ರಿಯಾಗಲಿಲ್ಲ. ಒಳಗಿನಿಂದ ಉಕ್ಕಿನ ಅಡಿಪಟ್ಟಿಯನ್ನು ತಂದು ಹಲಗೆಯ ನಡುಭಾಗಕ್ಕೆ ಅಡ್ಡಲಾಗಿ ಇಟ್ಟಾಗ, ಅದರ ಕೆಳಗೆ ಓರೆ ಬಿಸಿಲಿನ ಒಂದು ಸಣ್ಣ ಗೆರೆ ಕಾಣಿಸಿತು. ಅಂಚುಗಳ ಹತ್ತಿರ ಆ ಗೆರೆ ಇಲ್ಲ, ನಡುವೆ ಎಲ್ಲಕ್ಕಿಂತ ದಪ್ಪ. ಕಣದಲ್ಲಿ ಬಿದ್ದಿದ್ದ ಒಂದು ಒಣ ಕಾಫಿ ಬೀಜವನ್ನು ಮಲಗಿಸಿ ತೂರಿಸಿದರೆ ಸರಿಯಾಗಿ ಹಿಡಿಯಿತು. ಎಂದರೆ ಸುಮಾರು 4 ಮಿಲಿಮೀಟರ್. ಅವನ ಪ್ರಶ್ನೆ ಇದ್ದದ್ದು ಆ ತಗ್ಗಿನ ಬಗ್ಗೆ. "ಬೆಳಿಗ್ಗೆ ಇದು ಬಾಣದ ಹಾಗೆ ಹೋಗುತ್ತೆ. ಮಧ್ಯಾಹ್ನದ ಮೇಲೆ ಅಲೆ ಅಷ್ಟೇ ಎತ್ತರ ಇದ್ದರೂ ಕಾಲಡಿ ದಡದಡ ಅನ್ನುತ್ತೆ. ಯಾಕೆ?"

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಹಲಗೆ ಮನುಷ್ಯನನ್ನು ಹೊರುವುದು ಹೇಗೆ ಎಂದು ನೋಡಬೇಕು. ಅದು ತೇಲಿಸಿ ಹೊರುವುದಿಲ್ಲ. ಅದರ ಗಾತ್ರ ಸುಮಾರು 30 ಲೀಟರ್. ಪೂರ್ತಿ ಮುಳುಗಿದರೂ ತನ್ನ ತೂಕ ಕಳೆದು ಸುಮಾರು 27 ಕಿಲೋ ಭಾರವನ್ನಷ್ಟೇ ಎತ್ತಿಹಿಡಿಯಬಲ್ಲದು. 65 ಕಿಲೋದ ಹುಡುಗ ನಿಂತ ನೀರಿನಲ್ಲಿ ಅದರ ಮೇಲೆ ನಿಂತರೆ ಸೊಂಟ ಮೀರಿ ಇಳಿದುಹೋಗುತ್ತಾನೆ. ಅವನನ್ನು ನೀರಿನ ಮೇಲೆ ನಿಲ್ಲಿಸುವುದು ವೇಗ. ಸ್ವಲ್ಪ ಮೂಗೆತ್ತಿಕೊಂಡು ಓಡುವ ಹಲಗೆ ಎದುರಾದ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಅಷ್ಟೇ ಬಲದಿಂದ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ಈ ಬಲ ಕಡಿಮೆಯೇನಲ್ಲ. ಸೆಕೆಂಡಿಗೆ 5 ಮೀಟರ್, ಎಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬರುವ ಸಮುದ್ರದ ನೀರು ಒಂದು ಗೋಡೆಗೆ ನೇರವಾಗಿ ಬಡಿದು ನಿಂತರೆ, ಪ್ರತಿ ಚದರ ಮೀಟರಿಗೆ ಸುಮಾರು 12,800 ನ್ಯೂಟನ್ ಒತ್ತಡ ಹುಟ್ಟುತ್ತದೆ. ಹತ್ತು ಸೆಂಟಿಮೀಟರ್ ಚೌಕದ ಜಾಗದ ಮೇಲೆ 13 ಕಿಲೋ ತೂಕ ಇಟ್ಟ ಹಾಗೆ. ವೇಗ ಇಮ್ಮಡಿಯಾದರೆ ಈ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಲಗೆ ನೀರಿಗೆ ಕೆಲವೇ ಡಿಗ್ರಿ ಓರೆಯಾಗಿರುವುದರಿಂದ ಇದರ ಒಂದು ಸಣ್ಣ ಪಾಲಷ್ಟೇ ಅದಕ್ಕೆ ಸಿಗುತ್ತದೆಯಾದರೂ, ಸವಾರನನ್ನು ಹೊರಲು ಆ ಪಾಲು ಸಾಕು.

ಈ ಒತ್ತಡ ತಳದ ತುಂಬ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ವೇಗವಾಗಿ ಜಾರುವ ಹಲಗೆಯ ಮುಂಭಾಗ ಗಾಳಿಯಲ್ಲಿರುತ್ತದೆ; ನೀರು ಮೊದಲು ತಾಗುವ ಗೆರೆಯ ಹಿಂದೆಯೇ ಒತ್ತಡ ಅತಿ ಹೆಚ್ಚು, ಅಲ್ಲಿಂದ ಬಾಲದ ಕಡೆಗೆ ಇಳಿಯುತ್ತಾ ಹೋಗಿ ಕೊನೆಯಲ್ಲಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುತ್ತದೆ. ಒತ್ತಿಸಿಕೊಂಡ ನೀರು ಸಿಕ್ಕ ದಾರಿಯಲ್ಲಿ ತಪ್ಪಿಸಿಕೊಳ್ಳಲು ನೋಡುತ್ತದೆ. ಹತ್ತಿರದ ದಾರಿ ಪಕ್ಕದ ಅಂಚು. ಸವಾರನ ಇಕ್ಕೆಲದಲ್ಲಿ ಪಿಚಕಾರಿಯಂತೆ ಚಿಮ್ಮುವ ನೀರು ಹೀಗೆ ತಪ್ಪಿಸಿಕೊಂಡದ್ದು. ಅದರ ಜೊತೆ ಹೋದ ಶಕ್ತಿ ಹಲಗೆಗೆ ನಷ್ಟ.

ಅಲೆಯ ಮೇಲೆ ಇನ್ನೊಂದು ತೊಡಕಿದೆ. ದಡಕ್ಕೆ ಹತ್ತಿರವಾದ ಅಲೆಯ ವೇಗವನ್ನು ನೀರಿನ ಆಳವೇ ನಿರ್ಧರಿಸುತ್ತದೆ. 2 ಮೀಟರ್ ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 4.4 ಮೀಟರ್. ಸವಾರ ದಡಕ್ಕೆ ನೇರವಾಗಿ ಹೋಗದೆ ಅಲೆಯ ಇಳಿಜಾರಿನ ಮೇಲೆ ಅಡ್ಡಡ್ಡಲಾಗಿ ಓಡುವುದರಿಂದ ಅವನ ವೇಗ ಅಲೆಯದ್ದಕ್ಕಿಂತ ಹೆಚ್ಚು. ಆ ಇಳಿಜಾರಿನಲ್ಲಿ ನೀರು ಮೇಲಕ್ಕೇರುತ್ತಿರುತ್ತದೆ. ಹಾಗಾಗಿ ನೀರು ಮೂಗಿನಿಂದ ಬಾಲಕ್ಕೆ ನೇರವಾಗಿ ಹರಿಯುವ ಬದಲು ಒಂದು ಅಂಚಿನಿಂದ ಒಳಹೊಕ್ಕು ತಳದ ಅಡಿಯಲ್ಲಿ ಓರೆಯಾಗಿ ಹಾದುಹೋಗುತ್ತದೆ. ತಳದ ಆಕಾರದ ಬಗ್ಗೆ ಯಾರು ಏನೇ ಹೇಳಿದರೂ ಈ ಓರೆ ಹರಿವನ್ನು ಅವರು ಗಣನೆಗೆ ತೆಗೆದುಕೊಂಡಿದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ.

ಈಗ ಆ ತಗ್ಗಿಗೆ ಬರೋಣ. ಶಾಲೆಯಲ್ಲಿ ಓದಿದ ನಿಮ್ನ ಮತ್ತು ಪೀನ ದರ್ಪಣಗಳ ಹೆಸರನ್ನೇ ಇಲ್ಲಿಗೂ ತರಬಹುದು. ಒಳಗೆ ತಗ್ಗಿದ ತಳ ನಿಮ್ನ, ಹೊರಗೆ ಉಬ್ಬಿದ್ದು ಪೀನ. ಇವೆರಡರ ಗುಣವನ್ನು ಅಡುಗೆಮನೆಯ ನಲ್ಲಿಯಲ್ಲೇ ಪರೀಕ್ಷಿಸಬಹುದು. ಒಂದು ಚಮಚವನ್ನು ಹಿಡಿಯ ತುದಿಯಲ್ಲಿ ಸಡಿಲವಾಗಿ ಹಿಡಿದು ಅದರ ಬೆನ್ನನ್ನು ಸಣ್ಣಗೆ ಬೀಳುವ ನೀರಿಗೆ ತಾಗಿಸಿದರೆ, ನೀರು ಬೆನ್ನಿನ ಉಬ್ಬಿಗೆ ಅಂಟಿಕೊಂಡು ಬಾಗಿ ಹರಿಯುತ್ತದೆ, ಚಮಚ ನೀರಿನ ಕಡೆಗೆ ಎಳೆಯಲ್ಪಡುತ್ತದೆ. ಚಮಚವನ್ನು ತಿರುಗಿಸಿ ತಗ್ಗಿಗೆ ನೀರು ಬಿಟ್ಟರೆ ಅದು ಹಿಂದಕ್ಕೆ ತಳ್ಳಲ್ಪಡುತ್ತದೆ. ಉಬ್ಬಿದ ತಳ ನೀರಿಗೆ ಅಂಟುತ್ತದೆ, ತಗ್ಗಿದ ತಳ ನೀರನ್ನು ಒದೆಯುತ್ತದೆ ಎಂಬುದು ಕೈಗೇ ತಿಳಿಯುವ ಸತ್ಯ. ಬಾಲದ ಹತ್ತಿರ ಹಲಗೆಯ ಅಂಚನ್ನು ಚೂಪಾಗಿ ಬಿಡುವುದಕ್ಕೂ ಕಾರಣ ಇದೇ: ದುಂಡಂಚಿಗೆ ಅಂಟಿಕೊಂಡು ಬಾಗುವ ನೀರು ಚೂಪಾದ ಅಂಚಿನಲ್ಲಿ ಕಳಚಿಕೊಳ್ಳುತ್ತದೆ.

ನಿಮ್ನ ತಳದ ಬಗ್ಗೆ ಬಹಳ ಪ್ರಚಾರದಲ್ಲಿರುವ ಒಂದು ವಿವರಣೆ ನನಗೆ ಒಪ್ಪಿಗೆಯಿಲ್ಲ. ತಗ್ಗಿನೊಳಗೆ ಹೊಕ್ಕ ನೀರು ಕಿರಿದಾದ ದಾರಿಯಲ್ಲಿ ಹಿಂಡಿಸಿಕೊಂಡು ವೇಗ ಪಡೆದು ಹಿಂದಕ್ಕೆ ಚಿಮ್ಮಿ ಹಲಗೆಯನ್ನು ಮುಂದೂಡುತ್ತದೆ ಎನ್ನುತ್ತಾರೆ. ಕೊಳವೆ ಕಿರಿದಾದಲ್ಲಿ ನೀರಿನ ವೇಗ ಹೆಚ್ಚುವುದನ್ನು ವಿವರಿಸಿದ ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರನ್ನೂ ಇದಕ್ಕೆ ಹೇಳುತ್ತಾರೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುವುದು ನಿಜ, ಏಕೆಂದರೆ ಪೈಪಿನಲ್ಲಿ ನೀರಿಗೆ ಬೇರೆ ದಾರಿಯಿಲ್ಲ. ಹಲಗೆಯ ಕೆಳಗೆ ಇಡೀ ಸಮುದ್ರವೇ ಬಾಯ್ದೆರೆದುಕೊಂಡಿರುವಾಗ ನೀರು ಹಿಂಡಿಸಿಕೊಳ್ಳಬೇಕಾದ ಒತ್ತಾಯವೇನೂ ಇಲ್ಲ. ತಗ್ಗು ಮಾಡುವ ಕೆಲಸ ಇದಕ್ಕಿಂತ ಸರಳ: ಪಕ್ಕಕ್ಕೆ ಓಡುವ ನೀರಿಗೆ ಅಂಚು ಒಂದಿಷ್ಟು ಅಡ್ಡಿಯಾಗುತ್ತದೆ, ಆ ನೀರು ಇನ್ನಷ್ಟು ಕೆಳಮುಖವಾಗಿ ತಿರುಗುತ್ತದೆ, ಎತ್ತುವ ಬಲ ಸ್ವಲ್ಪ ಹೆಚ್ಚುತ್ತದೆ.

ಆ ಸ್ವಲ್ಪವೇ ಎಲ್ಲವೂ ಅಲ್ಲ. ನಿಮ್ನ ತಳದ ದೊಡ್ಡ ಲಾಭ ಬೇರೆ ಕಡೆಯಿಂದ ಬರುತ್ತದೆ ಎಂದು ನಾನು ಅಂದುಕೊಂಡಿದ್ದೇನೆ, ಮತ್ತು ಅದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಪಕ್ಕದಿಂದ ನೋಡಿದರೆ ಹಲಗೆ ನೆಟ್ಟಗಿರುವುದಿಲ್ಲ, ಮೂಗು ಮತ್ತು ಬಾಲ ಎರಡೂ ಮೇಲೆದ್ದಿರುತ್ತವೆ. ಈ ಉದ್ದದ ಬಾಗಿಗೆ ರಾಕರ್ ಎಂದು ಹೆಸರು. ಬಾಗು ಬೇಕೇ ಬೇಕು. ಅಲೆಯ ಮೈ ಸ್ವತಃ ಬಾಗಿರುವುದರಿಂದ ನೆಟ್ಟಗಿನ ಹಲಗೆಯ ಮೂಗು ಇಳಿಜಾರಿನ ಬುಡದಲ್ಲಿ ನೀರಿಗೆ ಚುಚ್ಚಿಕೊಳ್ಳುತ್ತದೆ, ತಿರುಗಿಸುವುದೂ ಕಷ್ಟ. ಆದರೆ ಬಾಗಿದ ತಳ ಚಮಚದ ಬೆನ್ನಿನಂತೆ ನೀರನ್ನು ಅಂಟಿಸಿಕೊಂಡು ಬಾಲವನ್ನು ಕೆಳಗೆಳೆಯುವುದರಿಂದ ವೇಗ ಕುಂದುತ್ತದೆ. ನಡುವಿನ ಒಂದು ಮೀಟರಿನಲ್ಲಿ ಈ ಬಾಗು 12 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಅದು ಸುಮಾರು 10.4 ಮೀಟರ್ ತ್ರಿಜ್ಯದ ವೃತ್ತದ ಒಂದು ತುಂಡು. ಈಗ ನಟ್ಟನಡುವೆ 4 ಮಿಲಿಮೀಟರ್ ಕೆತ್ತಿ, ಆ ಕೆತ್ತನೆಯನ್ನು ಎರಡೂ ತುದಿಗೆ ಹೋಗುತ್ತಾ ಇಲ್ಲವಾಗಿಸಿದರೆ, ನಡುಗೆರೆಯ ಬಾಗು 8 ಮಿಲಿಮೀಟರಿಗೆ ಇಳಿಯುತ್ತದೆ, ತ್ರಿಜ್ಯ 15.6 ಮೀಟರಿಗೆ ಏರುತ್ತದೆ. ಅಂಚಿನ ಬಾಗು ಮಾತ್ರ ಹಿಂದಿನಂತೆಯೇ 12 ಮಿಲಿಮೀಟರ್ ಉಳಿದಿರುತ್ತದೆ. ಒಂದೇ ಹಲಗೆಗೆ ಎರಡು ಬಾಗು ಸಿಕ್ಕಿತು! ಸಮನಾಗಿ ಓಡುವಾಗ ನೆಟ್ಟಗಿನ ನಡುಗೆರೆ ವೇಗ ಕೊಡುತ್ತದೆ. ಸವಾರ ವಾಲಿದಾಗ ನೀರಿನಲ್ಲಿ ಅದ್ದುವ ಅಂಚು ಬಾಗಿರುವುದರಿಂದ ಹಲಗೆ ಸಲೀಸಾಗಿ ತಿರುಗುತ್ತದೆ. ಒಂದು ಕಾಫಿ ಬೀಜದ ದಪ್ಪ ಇಷ್ಟೆಲ್ಲ ಮಾಡುತ್ತದೆಂದು ಅಡಿಪಟ್ಟಿ ಇಟ್ಟ ಹೊತ್ತಿನಲ್ಲಿ ನಾನು ಊಹಿಸಿರಲಿಲ್ಲ. 1990ರ ದಶಕದಲ್ಲಿ ಸ್ಪರ್ಧೆಯ ಹಲಗೆಗಳಲ್ಲಿ ನಿಮ್ನ ತಳ ಸಾಮಾನ್ಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ನಡುಗೆರೆಯೇ ಕೆಳಗಿದ್ದು ಎರಡೂ ಬದಿ ಮೇಲಕ್ಕೆ ಇಳಿಜಾರಾಗುವ ವಿ ಆಕಾರದ ತಳ ಇದಕ್ಕೆ ತದ್ವಿರುದ್ಧ. ಇದರ ಇತಿಹಾಸ ಇನ್ನೂ ಹಳೆಯದು. ಹವಾಯಿಯ ಮರದ ಹಲಗೆಗಳಿಗೆ ಫಿನ್, ಎಂದರೆ ಬಾಲ ಪಕ್ಕಕ್ಕೆ ಜಾರದಂತೆ ತಳಕ್ಕೆ ಜೋಡಿಸುವ ಮೀನಿನ ರೆಕ್ಕೆಯಂಥ ಪಟ್ಟಿ, ಇರಲಿಲ್ಲ; ಕಡಿದಾದ ಅಲೆಯಲ್ಲಿ ಅಗಲವಾದ ಚಪ್ಪಟೆ ಬಾಲ ಪಕ್ಕಕ್ಕೆ ಜಾರಿಹೋಗುತ್ತಿತ್ತು. 1937ರಲ್ಲಿ ಹೊನೊಲುಲುವಿನ ಜಾನ್ ಕೆಲ್ಲಿ ಮತ್ತು ಗೆಳೆಯರು ಕೊಡಲಿ ಹಿಡಿದು ಬಾಲವನ್ನು ಕಿರಿದಾಗಿ ಕೆತ್ತಿ, ತಳವನ್ನು ವಿ ಆಕಾರಕ್ಕೆ ತಂದಾಗ ಹಲಗೆ ಅಲೆಯ ಮೈಗೆ ಕಚ್ಚಿಕೊಂಡು ನಿಂತಿತು. ಅಮೆರಿಕದ ಅಲೆ ಸವಾರ ಟಾಮ್ ಬ್ಲೇಕ್ 1935ರಲ್ಲೇ ಫಿನ್ ಜೋಡಿಸಿದ್ದರೂ ಅದು ಎಲ್ಲರಿಗೂ ತಲುಪಲು ವರ್ಷಗಳೇ ಹಿಡಿದವು. ವೇಗದ ದೋಣಿಗಳ ತಳದ ಮೇಲಿನ ಸಂಶೋಧನೆಯನ್ನು ಓದಿ ಹಲಗೆಗೆ ತಂದವರು ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್. 1954ರಲ್ಲಿ ಅವರು ಅಲೆಯಲ್ಲೇ ಸತ್ತಾಗ ವಯಸ್ಸು ಮೂವತ್ತೈದು.

ದೋಣಿಯ ಲೆಕ್ಕವೇ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಡೇನಿಯಲ್ ಸವಿಟ್ಸ್ಕಿ 1964ರಲ್ಲಿ ಪ್ರಕಟಿಸಿದ, ಇಂದಿಗೂ ದೋಣಿ ವಿನ್ಯಾಸಕಾರರು ಬಳಸುವ ಸೂತ್ರದಲ್ಲಿ ತಳದ ಇಳಿಜಾರು ಹೆಚ್ಚಿದಂತೆ ಎತ್ತುವ ಬಲ ಕಡಿಮೆಯಾಗುತ್ತದೆ. ಒಂದು ಸಾಧಾರಣ ಉದಾಹರಣೆಗೆ ಅದನ್ನು ಹಚ್ಚಿ ನೋಡಿದರೆ, ಇಳಿಜಾರು 10 ಡಿಗ್ರಿ ಇದ್ದಾಗ ಸುಮಾರು ಶೇಕಡ 16ರಷ್ಟು ಬಲ ಹೋಗುತ್ತದೆ. ಸರ್ಫ್ ಹಲಗೆಯ ಇಳಿಜಾರು ಒಂದೆರಡು ಡಿಗ್ರಿ ಮಾತ್ರವಾದ್ದರಿಂದ ಹೋಗುವುದು ಶೇಕಡ ಮೂರರ ಆಸುಪಾಸು. ಈ ಸಣ್ಣ ಬೆಲೆ ಕೊಟ್ಟು ಸವಾರ ಪಡೆಯುವುದು ಒಂದಂಚಿನಿಂದ ಇನ್ನೊಂದಂಚಿಗೆ ಸುಲಭವಾಗಿ ವಾಲುವ ಗುಣವನ್ನು, ಅದರ ಜೊತೆಗೆ ಒರಟು ನೀರನ್ನು ಸೀಳಿಕೊಂಡು ಹೋಗುವ ಮೃದುತ್ವವನ್ನು.

ಉಳಿದ ಆಕಾರಗಳು ಬಹುಮಟ್ಟಿಗೆ ಇವೆರಡರ ಬೆರಕೆ. ಬಾಲದ ಕಡೆ ಅಕ್ಕಪಕ್ಕ ಎರಡು ತಗ್ಗು ಮಾಡಿ ನಡುವೆ ಒಂದು ಏಣು ಬಿಟ್ಟರೆ, ನಿಮ್ನದ ಎತ್ತುವಿಕೆಯ ಜೊತೆ ವಿ ತಳದ ವಾಲುವಿಕೆಯೂ ಒಂದಿಷ್ಟು ಸಿಗುತ್ತದೆ. ಕೆಲವು ಹಲಗೆಗಳಲ್ಲಿ ಮಂಗಳೂರು ಹೆಂಚಿನ ತೋಡುಗಳಂತೆ ನಾಲ್ಕೋ ಆರೋ ಉದ್ದನೆಯ ಗೀರುಗಾಲುವೆಗಳಿರುತ್ತವೆ. ಹೆಂಚಿನ ಮೇಲಿನ ಮಳೆನೀರು ಪಕ್ಕಕ್ಕೆ ಹರಡದೆ ನೇರ ಇಳಿಯುವಂತೆ, ಇಲ್ಲಿಯೂ ಓರೆ ಹರಿವು ಹಿಂದಕ್ಕೆ ತಿರುಗುತ್ತದೆ. ನುಣುಪಾದ ದೊಡ್ಡ ಅಲೆಯಲ್ಲಿ ಅವು ಹಿಡಿತ ಕೊಡುತ್ತವೆ. ಅಡ್ಡಾದಿಡ್ಡಿ ನೀರಿನಲ್ಲಿ ಅದೇ ಗೋಡೆಗಳು ಎಲ್ಲ ಕಡೆಯಿಂದ ಏಟು ತಿನ್ನುತ್ತವೆ.

ಮರುದಿನ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ತೋಟದ ಕೆಳಗಿನ ಹಳ್ಳಕ್ಕೆ ಹೋದೆ. ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ಗೇಣುದ್ದಕ್ಕೆ ಎರಡು ತುಂಡು ಮಾಡಿ, ಮುಂದಿನ ತುದಿಗೆ ದಾರ ಕಟ್ಟಿ, ಒಂದನ್ನು ಉಬ್ಬು ಕೆಳಗಾಗಿ, ಇನ್ನೊಂದನ್ನು ತಗ್ಗು ಕೆಳಗಾಗಿ ಹರಿವಿಗೆ ಎದುರಾಗಿ ಹಿಡಿದೆವು. ಉಬ್ಬು ಕೆಳಗಿದ್ದದ್ದು ತೊಟ್ಟಿಲಿನಂತೆ ಆಚೆ ಈಚೆ ತೂಗುತ್ತಾ, ಹಿಂತುದಿಯನ್ನು ನೀರಿಗೆ ಅಂಟಿಸಿಕೊಂಡು ಕೂತಿತು. ತಗ್ಗು ಕೆಳಗಿದ್ದದ್ದು ನೀರಿನ ಮೇಲೆ ಎದ್ದು ದಾರವನ್ನು ನೇರವಾಗಿ ಹಿಡಿದು ನಿಂತಿತು. ಆಮೇಲೆ ಹುಡುಗ ಮೇಲ್ಗಡೆ ನೀರಿಗಿಳಿದು ಕಾಲಿನಿಂದ ಕಲಕಿ ಪುಟ್ಟ ಪುಟ್ಟ ತೆರೆಗಳನ್ನು ಕಳಿಸಿದ. ತೂಗುತ್ತಿದ್ದ ತುಂಡು ಅವುಗಳ ಮೇಲೆ ಹಾಗೇ ಹೊರಳಿತು. ನೆಟ್ಟಗೆ ನಿಂತಿದ್ದದ್ದು ಪಟಪಟನೆ ಬಡಿದುಕೊಳ್ಳತೊಡಗಿತು. ತೆರೆಯ ನೆತ್ತಿ ಎರಡು ಅಂಚುಗಳ ನಡುವೆ ಸಿಕ್ಕಿ ಪಕ್ಕಕ್ಕೆ ಜಾರಲು ದಾರಿಯಿಲ್ಲದೆ ಒಮ್ಮೆಲೇ ಮೇಲಕ್ಕೆ ಗುದ್ದುತ್ತಿತ್ತು. ಅವನು ದಾರವನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಆ ಬಡಿತವನ್ನೇ ಬೆರಳಲ್ಲಿ ಹಿಡಿದು ನಿಂತಿದ್ದ.

ಕರಾವಳಿಯಲ್ಲಿ ಬಿಸಿಲೇರಿದಂತೆ ನೆಲ ಕಾದು ಕಡಲಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ದೊಡ್ಡ ಅಲೆಗಳ ಮೈಮೇಲೆಲ್ಲ ಅದು ಎಬ್ಬಿಸಿದ ಕಿರುತೆರೆಗಳು ಹರಡಿರುತ್ತವೆ. ಬೆಳಗಿನ ನುಣುಪು ನೀರಿನಲ್ಲಿ ನೆರವಾದ ತಗ್ಗೇ ಆಗ ಕಾಲಡಿ ಸದ್ದು ಮಾಡುತ್ತದೆ. ಮುಂದಿನ ಹಲಗೆಗೆ ಬಾಲದಲ್ಲಿ ತುಸು ವಿ ಇರಲಿ ಎಂದು ಅವನು ಹೇಳುತ್ತಿದ್ದಾನೆ. ಸದ್ಯಕ್ಕೆ ಇದನ್ನೇ ಜೀಪಿನ ಮೇಲೆ ಕಟ್ಟಿಕೊಂಡು ಇಳಿದುಹೋದವನು, ಈಗ ಗಾಳಿ ಏಳುವ ಮೊದಲೇ, ಬೆಳಿಗ್ಗೆ ಆರು ಗಂಟೆಗೆ ನೀರಿಗಿಳಿಯುತ್ತಾನಂತೆ.