ಆಹಾರ ಬ್ಯಾಂಕ್ ಜಾಲ ಎಂದರೇನು?

‘ಆಹಾರ ಬ್ಯಾಂಕ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರಿಗೆ ಅನ್ನಛತ್ರದ ಚಿತ್ರ ಮೂಡುತ್ತದೆ. ಆದರೆ ಈ ಪದ ಹುಟ್ಟಿ ಬೆಳೆದ ಅಮೆರಿಕದಲ್ಲಿ ಅದಕ್ಕೆ ಆ ಅರ್ಥವಿಲ್ಲ. ಅಲ್ಲಿ ಆಹಾರ ಬ್ಯಾಂಕ್ ಎಂದರೆ ಉಗ್ರಾಣ: ರೈತರು, ಸಗಟು ವ್ಯಾಪಾರಿಗಳು, ಆಹಾರ ಕಂಪನಿಗಳು ಮತ್ತು ಸರ್ಕಾರ ಕೊಡುವ ಪದಾರ್ಥಗಳನ್ನು ತರಿಸಿಕೊಂಡು, ವಿಂಗಡಿಸಿ, ಕೆಡದಂತೆ ಶೀತಲಗೃಹದಲ್ಲಿಟ್ಟು, ಲಾರಿಗಳಲ್ಲಿ ಊರೂರಿಗೆ ಕಳುಹಿಸುವ ಸಂಸ್ಥೆ. ಹಸಿದ ಕುಟುಂಬಗಳ ಕೈಗೆ ನೇರವಾಗಿ ದಿನಸಿ ಕೊಡುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಚರ್ಚುಗಳು, ಶಾಲೆಗಳು ಮತ್ತು ಸ್ಥಳೀಯ ಸೇವಾಸಂಸ್ಥೆಗಳು ನಡೆಸುವ ಪುಟ್ಟ ವಿತರಣಾ ಕೇಂದ್ರಗಳು. ಅವುಗಳಿಗೆ ಅಲ್ಲಿ ‘ಫುಡ್ ಪ್ಯಾಂಟ್ರಿ’ ಎಂಬ ಹೆಸರಿದೆ. ನಮ್ಮ ದೇಶದ ಕೆಲವು ಹಳ್ಳಿಗಳಲ್ಲಿ ನಡೆದ ‘ಧಾನ್ಯ ಬ್ಯಾಂಕ್’ ಇದಕ್ಕಿಂತ ಬೇರೆಯದು. ಅಲ್ಲಿ ಕಷ್ಟಕಾಲದಲ್ಲಿ ಕಾಳನ್ನು ಸಾಲವಾಗಿ ಪಡೆದು ಸುಗ್ಗಿಯ ನಂತರ ಹಿಂದಿರುಗಿಸಬೇಕು, ಆದ್ದರಿಂದ ‘ಬ್ಯಾಂಕ್’ ಎಂಬ ಹೆಸರು ಅದಕ್ಕೇ ಹೆಚ್ಚು ಒಪ್ಪುತ್ತದೆ. ಅಮೆರಿಕದ ಆಹಾರ ಬ್ಯಾಂಕಿನಲ್ಲಿ ಇಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು.

ಈ ಹೆಸರಿನ ಮೂಲ ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿದೆ. 1960ರ ದಶಕದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ಅಲ್ಲಿನ ಧರ್ಮಾರ್ಥ ಭೋಜನಶಾಲೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಮರಗಳಲ್ಲಿ ಯಾರೂ ಕೀಳದೆ ಉಳಿದ ಕಿತ್ತಳೆ, ನಿಂಬೆಗಳನ್ನು ಕಿತ್ತು ತರುತ್ತಿದ್ದರು. ದಿನಸಿ ಅಂಗಡಿಯ ಹಿಂದಿನ ಕಸದ ತೊಟ್ಟಿಯಿಂದ ಮಕ್ಕಳಿಗಾಗಿ ತಿನಿಸು ಆಯ್ದುಕೊಳ್ಳುತ್ತಿದ್ದ ತಾಯಿಯೊಬ್ಬರು, ಹಣವಿಡಲು ಬ್ಯಾಂಕ್ ಇರುವಂತೆ ಆಹಾರಕ್ಕೂ ಒಂದು ಇರಬಾರದೇಕೆ ಎಂಬ ಅರ್ಥದ ಮಾತನ್ನಾಡಿದ್ದೇ ತಮಗೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದರು. ಸೇಂಟ್ ಮೇರೀಸ್ ಚರ್ಚು 3,000 ಡಾಲರನ್ನೂ ಒಂದು ಹಳೆಯ ಕಟ್ಟಡವನ್ನೂ ಕೊಟ್ಟಿತು. 1967ರಲ್ಲಿ ಆರಂಭವಾದ ಆ ಬ್ಯಾಂಕ್ ಮೊದಲ ವರ್ಷವೇ ನೂರು ಟನ್ನಿಗೂ ಹೆಚ್ಚು ಆಹಾರವನ್ನು ಹಂಚಿತು. 1979ರಲ್ಲಿ ಇಂಥ ಬ್ಯಾಂಕುಗಳನ್ನು ದೇಶದಾದ್ಯಂತ ಬೆಸೆಯುವ ಒಕ್ಕೂಟವನ್ನೂ ವ್ಯಾನ್ ಹೆಂಗೆಲ್ ಕಟ್ಟಿದರು. ಅದರ ಮೊದಲ ಹೆಸರು ‘ಸೆಕೆಂಡ್ ಹಾರ್ವೆಸ್ಟ್’, ಅಂದರೆ ಎರಡನೆಯ ಕೊಯ್ಲು. ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಆಯುವುದಕ್ಕೆ ಕನ್ನಡದಲ್ಲಿರುವ ‘ಹಕ್ಕಲು’ ಎಂಬ ಪದ ಈ ಹೆಸರಿಗೆ ಎಷ್ಟು ಹತ್ತಿರ! 2008ರಿಂದ ಅದು ‘ಫೀಡಿಂಗ್ ಅಮೆರಿಕ’ ಆಗಿದೆ, ಸುಮಾರು 200 ಬ್ಯಾಂಕುಗಳು ಅದರಲ್ಲಿವೆ.

ಒಂದೊಂದೇ ಉಗ್ರಾಣ ತನ್ನ ಪಾಡಿಗೆ ಕೆಲಸ ಮಾಡಿದರೆ ಸಾಲದೆ, ‘ಜಾಲ’ ಏಕೆ ಬೇಕು? ಆಹಾರ ಮಿಗುವ ಜಾಗವೂ ಹಸಿವಿರುವ ಜಾಗವೂ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ, ಮತ್ತು ಅರಿಜೋನವೇ ಇದಕ್ಕೆ ಒಳ್ಳೆಯ ನಿದರ್ಶನ. ವಿಸ್ತಾರದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿನಷ್ಟಿರುವ ಆ ರಾಜ್ಯದ ದಕ್ಷಿಣದ ತುದಿಯಲ್ಲಿ, ಮೆಕ್ಸಿಕೊ ಗಡಿಯ ನೊಗಾಲೆಸ್ ಪಟ್ಟಣದ ಮೂಲಕ ಚಳಿಗಾಲದುದ್ದಕ್ಕೂ ಟೊಮೆಟೊ, ಸೌತೆ, ದೊಣ್ಣೆಮೆಣಸಿನಕಾಯಿಗಳು ಲಾರಿಗಟ್ಟಲೆ ಬಂದಿಳಿಯುತ್ತವೆ. ಅವುಗಳಲ್ಲಿ ತಿನ್ನಲು ಯೋಗ್ಯವಾಗಿದ್ದರೂ ಬಣ್ಣ, ಗಾತ್ರ ಅಥವಾ ಬೆಲೆಯ ಕಾರಣಕ್ಕೆ ಮಾರಾಟವಾಗದೆ ಉಳಿಯುವುದೂ ಬಹಳ. ಉತ್ತರದ ನವಾಹೊ ಮತ್ತು ಹೋಪಿ ಮೂಲನಿವಾಸಿಗಳ ನೆಲೆಗಳಲ್ಲಾದರೋ ತಾಜಾ ತರಕಾರಿ ಸಿಗುವ ದೊಡ್ಡ ಅಂಗಡಿಗಳೇ ವಿರಳ, ಇರುವ ಅಂಗಡಿಗೆ ಗಂಟೆಗಟ್ಟಲೆ ದಾರಿ ಸವೆಸಬೇಕು. ನೊಗಾಲೆಸ್‌ನ ಟೊಮೆಟೊ ಕೊಳೆಯುವ ಮುನ್ನ ಅಲ್ಲಿಗೆ ತಲುಪಬೇಕಾದರೆ ಲಾರಿ, ಶೀತಲಗೃಹ, ಚಾಲಕ, ಲೆಕ್ಕಪತ್ರ ಎಲ್ಲವೂ ಹೊಂದಿಕೊಂಡಿರಬೇಕು. ಪ್ರಾದೇಶಿಕ ಬ್ಯಾಂಕುಗಳು ಜಿಲ್ಲೆಗಳನ್ನು ಹಂಚಿಕೊಂಡು ಈ ಕೆಲಸ ಮಾಡುತ್ತವೆ: ರಾಜ್ಯದ 15 ಕೌಂಟಿಗಳ ಪೈಕಿ ಒಂಬತ್ತು ಸೇಂಟ್ ಮೇರೀಸ್ ಬ್ಯಾಂಕಿನ ಪಾಲಿಗೆ ಬರುತ್ತವೆ, ಆಗ್ನೇಯ ಭಾಗವನ್ನು ಟೂಸಾನ್ ನಗರದ ಬ್ಯಾಂಕ್ ನೋಡಿಕೊಳ್ಳುತ್ತದೆ. ಇವುಗಳ ರಾಜ್ಯಮಟ್ಟದ ಒಕ್ಕೂಟವು ಸಾಗಣೆಯನ್ನು ಹೊಂದಿಸುವುದಲ್ಲದೆ ಶಾಸಕರ ಮುಂದೆ ಅವುಗಳ ಪರವಾಗಿ ಮಾತನಾಡುತ್ತದೆ.

ಯಾರಿಗೆ ಏನು ಕಳುಹಿಸಬೇಕೆಂಬ ಪ್ರಶ್ನೆ ಕೇಳಲು ಸರಳ, ಬಿಡಿಸಲು ಕಠಿಣ. ರಾಷ್ಟ್ರೀಯ ಒಕ್ಕೂಟವು ಹಿಂದೆ ಸರದಿಯ ಪ್ರಕಾರ ಸರಕು ಹಂಚುತ್ತಿದ್ದಾಗ, ಆಲೂಗಡ್ಡೆಗೇ ಹೆಸರಾದ ಐಡಾಹೊ ರಾಜ್ಯಕ್ಕೆ ಆಲೂಗಡ್ಡೆ ಹೋಗುವಂಥ ಪ್ರಸಂಗಗಳು ನಡೆಯುತ್ತಿದ್ದವು. 2005ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ಒಂದು ಹೊಸ ಏರ್ಪಾಡು ಬಂತು. ಪ್ರತಿ ಬ್ಯಾಂಕಿಗೂ ಅದರ ಪ್ರದೇಶದ ಅಗತ್ಯಕ್ಕೆ ತಕ್ಕಷ್ಟು ‘ಷೇರು’ ಎಂಬ ಕಾಲ್ಪನಿಕ ಹಣ ಸಿಗುತ್ತದೆ. ಅದನ್ನು ಕೊಟ್ಟು ತನಗೆ ಬೇಕಾದ ಲೋಡನ್ನು ಹರಾಜಿನಲ್ಲಿ ಹಿಡಿಯಬಹುದು. ಯಾರಿಗೂ ಬೇಡವಾದ ಸರಕನ್ನು ಒಯ್ಯುವವರಿಗೆ ಷೇರು ಮರಳಿ ಸಿಗುವ ಅವಕಾಶವೂ ಇದೆ. ದಾನದ ವಸ್ತುವನ್ನು ಹರಾಜು ಹಾಕುವುದೇ ಎಂದು ಆರಂಭದಲ್ಲಿ ಮುಖ ಸಿಂಡರಿಸಿದವರಿದ್ದರು, ಮತ್ತು ಆ ಅನುಮಾನ ಸಹಜವಾದದ್ದೇ. ಆದರೆ ತಾಜಾ ತರಕಾರಿ ತಾನಾಗಿಯೇ ದೊರೆಯುವ ಬ್ಯಾಂಕು ಅದಕ್ಕೆ ಷೇರು ವ್ಯಯಿಸದೆ, ಕೆಡದೆ ಉಳಿಯುವ ಧಾನ್ಯದ ತಿಂಡಿಯನ್ನು ಆಯ್ದುಕೊಳ್ಳುವಂತಾದದ್ದು ಈ ವ್ಯವಸ್ಥೆಯಿಂದಲೇ.

ದಾನಿಗಳ ಹಿಂಜರಿಕೆಯನ್ನು ಕಳೆದದ್ದು ಕಾನೂನು. ಸದ್ಭಾವದಿಂದ ಕೊಟ್ಟ ಆಹಾರದಿಂದ ಯಾರಿಗಾದರೂ ತೊಂದರೆಯಾದರೆ, ಘೋರ ನಿರ್ಲಕ್ಷ್ಯವಿಲ್ಲದ ಹೊರತು ದಾನಿಯ ಮೇಲೆ ಹೊಣೆ ಬರದಂತೆ ಅಮೆರಿಕದ ಒಕ್ಕೂಟ ಸರ್ಕಾರದ 1996ರ ಕಾಯಿದೆ ರಕ್ಷಣೆ ಕೊಡುತ್ತದೆ. ಇನ್ನು ಬ್ಯಾಂಕುಗಳಲ್ಲಿರುವುದೆಲ್ಲ ದಾನದ ಸರಕೂ ಅಲ್ಲ. ದಾಸ್ತಾನು ಮಿತಿಮೀರಿ ಬಿದ್ದಿದ್ದ ಚೀಸನ್ನು ಬಡವರಿಗೆ ಹಂಚಲು ರೇಗನ್ ಸರ್ಕಾರ 1981ರಲ್ಲಿ ತೀರ್ಮಾನಿಸಿದ ಬಳಿಕ, ಒಕ್ಕೂಟ ಸರ್ಕಾರವೇ ಆಹಾರ ಕೊಂಡು ರಾಜ್ಯಗಳ ಮೂಲಕ ಈ ಉಗ್ರಾಣಗಳಿಗೆ ಕಳುಹಿಸುವ ಕಾರ್ಯಕ್ರಮ ಬೆಳೆದು ಇಂದಿಗೂ ನಡೆದಿದೆ.

ಕನ್ನಡದ ಓದುಗರು ಆಹಾರ ಬ್ಯಾಂಕನ್ನು ನಮ್ಮ ನ್ಯಾಯಬೆಲೆ ಅಂಗಡಿಗೆ ಹೋಲಿಸುವುದು ಸಹಜವಾದರೂ ಆ ಹೋಲಿಕೆ ಕೂಡುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ ಅರ್ಹ ಕುಟುಂಬಕ್ಕೆ ಪಡಿತರ ಒಂದು ಹಕ್ಕು. ಪ್ಯಾಂಟ್ರಿಯಲ್ಲಿ ಸಿಗುವ ಪೆಟ್ಟಿಗೆ ಆ ವಾರ ಉಗ್ರಾಣಕ್ಕೆ ಏನು ಬಂದಿದೆಯೋ ಅದನ್ನು ಅವಲಂಬಿಸಿದ್ದು. ಅಮೆರಿಕದಲ್ಲಿ ಪಡಿತರಕ್ಕೆ ಸಮನಾದದ್ದನ್ನು ಹುಡುಕುವುದಾದರೆ, ಬಡ ಕುಟುಂಬಗಳು ಅಂಗಡಿಯಲ್ಲಿ ದಿನಸಿ ಕೊಳ್ಳಲು ಸರ್ಕಾರ ಕಾರ್ಡಿಗೆ ಹಣ ತುಂಬುವ ‘ಸ್ನ್ಯಾಪ್’ ಯೋಜನೆಯನ್ನು ನೋಡಬೇಕು. ಆಹಾರ ಬ್ಯಾಂಕುಗಳು ಒದಗಿಸುವ ಪ್ರತಿ ಒಂದು ಊಟಕ್ಕೆ ಸ್ನ್ಯಾಪ್ ಒಂಬತ್ತು ಊಟಗಳನ್ನು ಒದಗಿಸುತ್ತದೆ ಎಂಬುದು ಫೀಡಿಂಗ್ ಅಮೆರಿಕ ಸಂಸ್ಥೆಯದೇ ಲೆಕ್ಕ.